2350 ಮತ್ತು 2035: ಹಿಮಾಲಯದ ಹಿಮ, ನಮ್ಮ ಅನುಮಾನ, ಸುದ್ದಿಯ ತಲೆಬರಹ

ಎಲ್ಲರಿಗೂ ನಮಸ್ಕಾರ.

ಈ ಹಲಗೆಯ ಮೇಲೆ ಎರಡು ಇಸವಿ ಬರೆದಿದ್ದೇನೆ. ಎಡಕ್ಕೆ 2350, ಬಲಕ್ಕೆ 2035. ಅವೇ ನಾಲ್ಕು ಅಂಕಿ, ಕೂತ ಜಾಗ ಮಾತ್ರ ಬೇರೆ. ನಡುವಿನ ಅಂತರ 315 ವರ್ಷ. ಭೂಮಿ ಬಿಸಿಯಾಗುತ್ತಿದೆ ಎಂಬ ಮಾತನ್ನು ನಮ್ಮ ಜನ ಯಾಕೆ ಅರ್ಧ ನಂಬುತ್ತಾರೆ, ಯಾಕೆ ಅರ್ಧ ನಂಬುವುದಿಲ್ಲ ಎಂದು ಯೋಚಿಸಿದಾಗಲೆಲ್ಲ ನನಗೆ ಈ ಎರಡು ಇಸವಿ ನೆನಪಾಗುತ್ತವೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದವನು. 2008ರಲ್ಲಿ ಹತ್ತನೇ ತರಗತಿಯ ಮಕ್ಕಳಿಗೆ, "2035ರ ಹೊತ್ತಿಗೆ ಹಿಮಾಲಯದ ಹಿಮನದಿಗಳು ಇರುವುದಿಲ್ಲ, ಗಂಗೆ ಬತ್ತುತ್ತಾಳೆ" ಎಂದು ಹೇಳಿದ್ದೆ. ಪತ್ರಿಕೆಯಿಂದ ಕತ್ತರಿಸಿದ ತುಣುಕನ್ನು ನೋಟಿಸ್ ಬೋರ್ಡಿಗೂ ಅಂಟಿಸಿದ್ದೆ. 2010ರ ಜನವರಿ ಕೊನೆಯಲ್ಲಿ ಆ ತರಗತಿಯ ಹುಡುಗನೊಬ್ಬ ಮನೆಗೆ ಬಂದ. ಆಗ ಪಿಯುಸಿ ಓದುತ್ತಿದ್ದ. ಕೈಯಲ್ಲಿ ಇನ್ನೊಂದು ಪತ್ರಿಕೆ. "ಸಾರ್, ನೀವು ಹೇಳಿದ್ದು ಸುಳ್ಳಂತೆ" ಅಂದ. ಸ್ವಲ್ಪ ತಡೆದು, "ಹಾಗಾದ್ರೆ ಗ್ಲೋಬಲ್ ವಾರ್ಮಿಂಗ್ ಪೂರ್ತಿ ಸುಳ್ಳಾ ಸಾರ್?" ಎಂದು ಕೇಳಿದ. ನನಗೆ ಅವತ್ತು ನೆಟ್ಟಗೆ ಉತ್ತರ ಹೇಳಲು ಆಗಲಿಲ್ಲ. ಆಮೇಲೆ ಹುಡುಕಿ ಓದಿದ್ದನ್ನು ಇವತ್ತು ನಿಮ್ಮ ಮುಂದೆ ಇಡುತ್ತೇನೆ.

ಹವಾಮಾನ ಬದಲಾವಣೆಯ ಬಗ್ಗೆ ಸರ್ಕಾರಗಳಿಗೆ ವರದಿ ಕೊಡುವ ಐಪಿಸಿಸಿ ಎಂಬ ಸಮಿತಿ 2007ರಲ್ಲಿ ತನ್ನ ನಾಲ್ಕನೇ ವರದಿಯನ್ನು ಹೊರತಂದಿತು. ಆ ವರ್ಷದ ನೊಬೆಲ್ ಶಾಂತಿ ಪ್ರಶಸ್ತಿಯನ್ನು ಈ ಸಮಿತಿ ಅಮೆರಿಕದ ಮಾಜಿ ಉಪಾಧ್ಯಕ್ಷ ಆಲ್ ಗೋರ್ ಜೊತೆ ಹಂಚಿಕೊಂಡಿತು. ವರದಿಯ ಎರಡನೇ ಸಂಪುಟದಲ್ಲಿ ಏಷ್ಯಾದ ಬಗ್ಗೆ ಒಂದು ಅಧ್ಯಾಯವಿದೆ. ಹಿಮಾಲಯದ ಹಿಮನದಿಗಳು 2035ರೊಳಗೆ ಮಾಯವಾಗುವ ಸಾಧ್ಯತೆ ಬಹಳ ಹೆಚ್ಚು, ಅವುಗಳ ವಿಸ್ತೀರ್ಣ 5,00,000 ಚದರ ಕಿಲೋಮೀಟರಿನಿಂದ 1,00,000ಕ್ಕೆ ಇಳಿಯಬಹುದು ಎಂದು ಅಲ್ಲಿತ್ತು.

ಈ ಮಾತು ಎಲ್ಲಿಂದ ಬಂತು? ವರದಿ ತೋರಿಸಿದ್ದು ಪರಿಸರ ರಕ್ಷಣೆಗೆ ದುಡಿಯುವ ಡಬ್ಲ್ಯುಡಬ್ಲ್ಯುಎಫ್ ಸಂಸ್ಥೆಯ 2005ರ ಒಂದು ಪ್ರಕಟಣೆಯನ್ನು. ಆ ಪ್ರಕಟಣೆ ತೋರಿಸಿದ್ದು 1999ರ 'ನ್ಯೂ ಸೈಂಟಿಸ್ಟ್' ಪತ್ರಿಕೆಯ ಸುದ್ದಿಯನ್ನು. ಆ ಸುದ್ದಿಗೆ ಆಧಾರ ನಮ್ಮ ದೇಶದ ಹಿಮನದಿ ತಜ್ಞರೊಬ್ಬರು ಆಡಿದ ಮಾತು. ಅದು ಬರೀ ಅಂದಾಜಿನ ಮಾತಾಗಿತ್ತು ಎಂದು ಅವರೇ ಮುಂದೆ ಒಪ್ಪಿಕೊಂಡರು. ಇನ್ನು ಆ ವಿಸ್ತೀರ್ಣದ ಲೆಕ್ಕ ರಷ್ಯಾದ ವಿಜ್ಞಾನಿ ಕೋಟ್ಲ್ಯಾಕೊವ್ ಅವರ 1996ರ ವರದಿಯದು. ಧ್ರುವಗಳನ್ನು ಬಿಟ್ಟು ಲೋಕದಲ್ಲಿರುವ ಎಲ್ಲ ಹಿಮನದಿಗಳೂ ಸೇರಿ 5,00,000ದಿಂದ 1,00,000ಕ್ಕೆ ಇಳಿಯುತ್ತವೆ ಎಂದು ಅವರು ಬರೆದಿದ್ದರು. ಯಾವಾಗ? 2350ರ ಹೊತ್ತಿಗೆ. ಇದನ್ನು ಪತ್ತೆ ಹಚ್ಚಿದವರು ಕೆನಡಾದ ಟ್ರೆಂಟ್ ವಿಶ್ವವಿದ್ಯಾಲಯದ ಗ್ರಹಾಂ ಕಾಗ್ಲಿ. ಇಡೀ ಲೋಕದ ಹಿಮ ಹಿಮಾಲಯದ ಹಿಮವಾಯಿತು, ಮೂರು ಶತಮಾನದ ಆಚೆಯ ಮಾತು ನಮ್ಮ ಮಕ್ಕಳ ಕಾಲದ ಮಾತಾಯಿತು.

ನನಗೆ ಹೆಚ್ಚು ನೋವು ಕೊಡುವುದು ಬೇರೆಯೇ ಸಂಗತಿ. ಇದನ್ನು ಹಿಡಿಯಲು ವಿಜ್ಞಾನಿಯೇ ಬೇಕಿರಲಿಲ್ಲ. ಕರ್ನಾಟಕದ ವಿಸ್ತೀರ್ಣ 1,91,791 ಚದರ ಕಿಲೋಮೀಟರ್. 5,00,000 ಅಂದರೆ ಎರಡೂವರೆ ಕರ್ನಾಟಕಕ್ಕಿಂತ ಹೆಚ್ಚು. ಅದೇ ಅಧ್ಯಾಯದಲ್ಲಿ ಹಿಮಾಲಯದ ಹಿಮನದಿಗಳು ಸುಮಾರು 30 ಲಕ್ಷ ಹೆಕ್ಟೇರ್, ಅಂದರೆ 30,000 ಚದರ ಕಿಲೋಮೀಟರ್ ಎಂದೂ ಬರೆದಿತ್ತು! ಒಂದು ಕಡೆ 30,000, ಇನ್ನೊಂದು ಕಡೆ 5,00,000. ನಾನು ಗಣಿತವನ್ನೂ ಪಾಠ ಮಾಡಿದವನು. ಹೆಕ್ಟೇರನ್ನು ಚದರ ಕಿಲೋಮೀಟರಿಗೆ ಇಳಿಸುವ ಲೆಕ್ಕವನ್ನು ಏಳನೇ ತರಗತಿಯ ಮಗು ಮಾಡುತ್ತದೆ. ಕರಡು ಓದಿದ ಜಪಾನ್ ಸರ್ಕಾರದವರು ಈ ಹೇಳಿಕೆ ಎಷ್ಟು ಖಚಿತ ಎಂದು ಕೇಳಿಯೂ ಇದ್ದರು. ಆ ಪ್ರಶ್ನೆಗೆ ತಕ್ಕ ಉತ್ತರ ಸಿಗದೆಯೇ ಪುಟ ಅಚ್ಚಾಯಿತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುವ ಗಾದೆ ನಮ್ಮಲ್ಲಿದೆ. ಇಲ್ಲಿ ಪ್ರತ್ಯಕ್ಷವೂ ಇರಲಿಲ್ಲ, ಪ್ರಮಾಣಿಸಿದವರೂ ಇರಲಿಲ್ಲ. ಆ ತಪ್ಪಿನಲ್ಲಿ ನನ್ನ ನೋಟಿಸ್ ಬೋರ್ಡಿಗೂ ಪಾಲಿದೆ.

2009ರ ನವೆಂಬರಿನಲ್ಲಿ ವಿ.ಕೆ. ರೈನಾ ಅವರು ಒಂದು ಚರ್ಚಾಪತ್ರ ಬರೆದರು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯಲ್ಲಿ ಹಿರಿಯ ಹುದ್ದೆಯಲ್ಲಿದ್ದು ನಿವೃತ್ತರಾದವರು, ಹಿಮಾಲಯದಲ್ಲಿ ವರ್ಷಗಟ್ಟಲೆ ಓಡಾಡಿದವರು. ನಮ್ಮ ಹಿಮನದಿಗಳು ಅಸಹಜ ವೇಗದಲ್ಲೇನೂ ಹಿಂದೆ ಸರಿಯುತ್ತಿಲ್ಲ ಎಂಬುದು ಅವರ ವಾದ. ಆಗಿನ ಪರಿಸರ ಸಚಿವ ಜೈರಾಮ್ ರಮೇಶ್ ಅದನ್ನು ಬಿಡುಗಡೆ ಮಾಡಿದರು. ಐಪಿಸಿಸಿಯ ಅಧ್ಯಕ್ಷರಾಗಿದ್ದ ರಾಜೇಂದ್ರ ಪಚೌರಿ ಅದನ್ನು 'ವೂಡೂ ವಿಜ್ಞಾನ', ಅಂದರೆ ಮಾಟಮಂತ್ರದ ವಿಜ್ಞಾನ ಎಂದು ತಳ್ಳಿಹಾಕಿದರು. ಮೂರು ತಿಂಗಳು ಕಳೆಯುವುದರೊಳಗೆ, 2010ರ ಜನವರಿ 20ರಂದು, ಅದೇ ಐಪಿಸಿಸಿ 2035ರ ಹೇಳಿಕೆಗೆ ಸರಿಯಾದ ಆಧಾರವಿಲ್ಲ ಎಂದು ಒಪ್ಪಿ ವಿಷಾದ ವ್ಯಕ್ತಪಡಿಸಿತು.

ಪಚೌರಿ ಅವರು ಆ ಮಾತು ಆಡಬಾರದಿತ್ತು ಎಂದೇ ನನ್ನ ಅಭಿಪ್ರಾಯ. ಪ್ರಶ್ನೆ ಕೇಳಿದವರಿಗೆ ಬೈಗುಳವೇ ಉತ್ತರವಾದರೆ ಪಕ್ಕದಲ್ಲಿ ನಿಂತು ಕೇಳುತ್ತಿರುವ ಜನ ಪ್ರಶ್ನೆಯ ಕಡೆಗೇ ವಾಲುತ್ತಾರೆ. ಹೊತ್ತೂ ಕೆಟ್ಟದಾಗಿತ್ತು. ಅದೇ ನವೆಂಬರಿನಲ್ಲಿ ಇಂಗ್ಲೆಂಡಿನ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯದ ವಿಜ್ಞಾನಿಗಳ ಸಾವಿರಕ್ಕೂ ಹೆಚ್ಚು ಇಮೇಲ್‌ಗಳು ಕಳುವಾಗಿ ಹೊರಬಿದ್ದಿದ್ದವು. ಅದರಲ್ಲಿದ್ದ 'ಟ್ರಿಕ್' ಎಂಬ ಒಂದೇ ಪದವನ್ನು ಹಿಡಿದು ಮೋಸ, ಮೋಸ ಎಂದು ಲೋಕವೆಲ್ಲ ಕೂಗಾಯಿತು. ಮುಂದೆ ನಡೆದ ತನಿಖೆಗಳು, ವಿಜ್ಞಾನಿಗಳು ಮಾಹಿತಿಯನ್ನು ಮುಕ್ತವಾಗಿ ಹಂಚಿಕೊಳ್ಳಬೇಕಿತ್ತು ಎಂದು ಟೀಕಿಸಿದವು. ಆದರೆ ಅಂಕಿಅಂಶ ತಿರುಚಿದ್ದಕ್ಕೆ ಸಾಕ್ಷಿ ಸಿಗಲಿಲ್ಲ. ಆ ತನಿಖೆಗಳ ಫಲಿತಾಂಶ ಎಷ್ಟು ಪತ್ರಿಕೆಗಳ ಮುಖಪುಟದಲ್ಲಿ ಬಂತು? ನೀವೇ ನೆನಪು ಮಾಡಿಕೊಳ್ಳಿ.

ಈಗ ಹುಡುಗನ ಪ್ರಶ್ನೆಗೆ ಬರೋಣ. 2035 ತಪ್ಪು, ಸರಿ. ಹಾಗಾದರೆ ಹಿಮ ಏನಾಗುತ್ತಿದೆ?

ಹಿಮನದಿಯ ಕೆಳತುದಿಯನ್ನು ಮೂತಿ ಎನ್ನುತ್ತಾರೆ. ಗಂಗೋತ್ರಿಯಲ್ಲಿ ಅದಕ್ಕೆ ಗೋಮುಖ ಎಂಬ ಚಂದದ ಹೆಸರೇ ಇದೆ. ಮೂತಿ ಎಷ್ಟು ಹಿಂದೆ ಸರಿಯಿತು ಎಂದು ಅಳೆಯುವುದು ಹಳೆಯ ಪದ್ಧತಿ. ಆದರೆ ಅದೊಂದನ್ನೇ ನೋಡಿದರೆ ಮೋಸ ಹೋಗುತ್ತೇವೆ. ನಮ್ಮ ಹಳೇ ಮೈಸೂರಿನ ಕಡೆಯ ಹಿರಿಯರಿಗೆ ಹಗೇವು ಗೊತ್ತು, ನೆಲದಡಿಯಲ್ಲಿ ರಾಗಿ ತುಂಬಿಡುವ ಗುಂಡಿ. ಹಗೇವಿನ ಬಾಯಿ ಯಾವಾಗ ನೋಡಿದರೂ ಅಷ್ಟೇ ಅಗಲ. ಒಳಗೆ ರಾಗಿ ಎಷ್ಟು ಇಳಿದಿದೆ ಎಂದು ತಿಳಿಯಬೇಕಾದರೆ ಕೋಲು ಇಳಿಬಿಟ್ಟು ನೋಡಬೇಕು. ಹಿಮನದಿಯೂ ಹಾಗೆಯೇ. ಕಲ್ಲುಮಣ್ಣು ಹೊದ್ದ ಮೂತಿ ಇದ್ದಲ್ಲೇ ಇರುವಂತೆ ಕಾಣಬಹುದು, ಮೇಲಿನ ಹಿಮ ಮಾತ್ರ ತೆಳುವಾಗುತ್ತಲೇ ಹೋಗಿರಬಹುದು.

ಕೋಲು ಇಳಿಬಿಟ್ಟು ನೋಡುವವರೂ ಇದ್ದಾರೆ. ಹಿಮಾಚಲ ಪ್ರದೇಶದ ಲಾಹೌಲ್‌–ಸ್ಪಿತಿ ಜಿಲ್ಲೆಯಲ್ಲಿ, ಚಂದ್ರಾ ನದಿಯ ಕಣಿವೆಯಲ್ಲಿ ಛೋಟಾ ಶಿಗ್ರಿ ಎಂಬ ಹಿಮನದಿ ಇದೆ. ಸುಮಾರು 9 ಕಿಲೋಮೀಟರ್ ಉದ್ದ. 2002ರಿಂದ ದೆಹಲಿಯ ಜವಾಹರಲಾಲ್ ನೆಹರು ವಿಶ್ವವಿದ್ಯಾಲಯದವರೂ ಫ್ರಾನ್ಸಿನ ವಿಜ್ಞಾನಿಗಳೂ ಸೇರಿ ಅದನ್ನು ವರ್ಷವರ್ಷವೂ ಅಳೆಯುತ್ತ ಬಂದಿದ್ದಾರೆ. ಹಬೆಯಿಂದ ಹಿಮದಲ್ಲಿ ತೂತು ಕೊರೆದು ಬಿದಿರ ಕೋಲುಗಳನ್ನು ಇಳಿಸುತ್ತಾರೆ. ಮುಂದಿನ ವರ್ಷ ಬೇಸಿಗೆ ಮುಗಿಯುವ ಹೊತ್ತಿಗೆ ಹತ್ತಿ ಹೋಗಿ, ಕೋಲು ಎಷ್ಟು ಹೊರಬಂದಿದೆ ಎಂದು ನೋಡುತ್ತಾರೆ. ಮೇಲೆ, 5,000 ಮೀಟರ್ ಎತ್ತರದ ಕಡೆ, ಹಿಮ ಬೀಳುವ ಜಾಗದಲ್ಲಿ ಗುಂಡಿ ತೋಡಿ ಎಷ್ಟು ಹೊಸ ಹಿಮ ಕೂಡಿದೆ ಎಂದು ಲೆಕ್ಕ ಹಾಕುತ್ತಾರೆ. ಬಂದದ್ದರಲ್ಲಿ ಹೋದದ್ದನ್ನು ಕಳೆದರೆ ಉಳಿಯುವುದು ಆ ವರ್ಷದ ಲೆಕ್ಕ, ಅಂಗಡಿಯ ಜಮಾಖರ್ಚಿನ ಹಾಗೆ. ಕೆಲವು ವರ್ಷ ಅಲ್ಲಿ ಹಿಮ ಕೂಡಿದ್ದೂ ಇದೆ. ಅದನ್ನೂ ಅವರು ಮುಚ್ಚಿಡದೆ ಬರೆದಿದ್ದಾರೆ. ಒಟ್ಟು ಹದಿನೇಳು ವರ್ಷದ ಸರಾಸರಿ ತೆಗೆದರೆ, ಇಡೀ ಹಿಮನದಿಯ ಮೇಲೆ ವರ್ಷಕ್ಕೆ ಹೆಚ್ಚುಕಡಿಮೆ ಅರ್ಧ ಮೀಟರ್ ನೀರಿನಷ್ಟು ಹಿಮ ನಷ್ಟವಾಗಿದೆ.

ಒಂದೇ ಹಿಮನದಿ ನೋಡಿ ಹೇಳಬೇಡಿ ಎನ್ನುತ್ತೀರಾ? ನ್ಯಾಯವಾದ ಮಾತು. ಶೀತಲ ಸಮರದ ಕಾಲದಲ್ಲಿ ಅಮೆರಿಕದ ಗೂಢಚಾರ ಉಪಗ್ರಹಗಳು ಹಿಮಾಲಯದ ಚಿತ್ರಗಳನ್ನೂ ತೆಗೆದಿದ್ದವು. ಗೌಪ್ಯತೆ ತೆಗೆದ ಮೇಲೆ ವಿಜ್ಞಾನಿಗಳು ಅವುಗಳಿಂದ ಆಗಿನ ಹಿಮದ ಎತ್ತರವನ್ನು ಲೆಕ್ಕ ಹಾಕಿ, ಈಚಿನ ಉಪಗ್ರಹಗಳ ಅಳತೆಯ ಪಕ್ಕದಲ್ಲಿಟ್ಟು ನೋಡಿದರು. 2019ರಲ್ಲಿ ಬಂದ ಆ ಅಧ್ಯಯನದಲ್ಲಿ ಸುಮಾರು 650 ಹಿಮನದಿಗಳಿದ್ದವು. 1975ರಿಂದ 2000ದವರೆಗಿನ ನಷ್ಟಕ್ಕೆ ಹೋಲಿಸಿದರೆ 2000ದಿಂದ 2016ರವರೆಗಿನ ವಾರ್ಷಿಕ ನಷ್ಟ ಎರಡರಷ್ಟು. ಅದೇ ವರ್ಷ ಕಠ್ಮಂಡುವಿನಲ್ಲಿರುವ, ಪರ್ವತ ಪ್ರದೇಶಗಳನ್ನು ಅಧ್ಯಯನ ಮಾಡುವ ಇಸಿಮೋಡ್ ಸಂಸ್ಥೆಯ ವರದಿ, ಕೈಗಾರಿಕಾ ಯುಗದ ಮುಂಚಿಗಿಂತ ತಾಪಮಾನದ ಏರಿಕೆಯನ್ನು 1.5 ಡಿಗ್ರಿಯಲ್ಲಿ ತಡೆದರೂ ಹಿಂದೂಕುಶ್‌ ಹಿಮಾಲಯದ ಮೂರನೇ ಒಂದು ಪಾಲು ಹಿಮ ಈ ಶತಮಾನದ ಕೊನೆಗೆ ಹೋಗಿರುತ್ತದೆ ಎಂದಿತು. ಗಂಗೆಯೂ ಪೂರ್ತಿ ಬತ್ತುವುದಿಲ್ಲ, ಬಯಲಿನಲ್ಲಿ ಅವಳ ನೀರಿನ ಬಹುಪಾಲು ಮುಂಗಾರಿನದು. ಹಿಮದ ನೀರನ್ನು ಹೆಚ್ಚು ನಂಬಿಕೊಂಡಿರುವುದು ಸಿಂಧೂ ನದಿ.

2035ಕ್ಕೆ ಎಲ್ಲವೂ ಖಾಲಿ ಎಂಬುದು ತಪ್ಪು. ಏನೂ ಆಗುತ್ತಿಲ್ಲ ಎಂಬುದೂ ತಪ್ಪು. ನಡುವೆ ಇರುವ ನಿಜಕ್ಕೆ ದಪ್ಪಕ್ಷರದ ತಲೆಬರಹ ಬರೆಯುವುದು ಕಷ್ಟ. "ಈ ವರ್ಷ ಅರ್ಧ ಮೀಟರ್ ಇಳಿಯಿತು" ಎಂದರೆ ಯಾವ ಸಂಪಾದಕರು ಮುಖಪುಟ ಕೊಡುತ್ತಾರೆ? ಸುದ್ದಿಗೆ ದಿನಾಂಕ ಬೇಕು. ಅದಕ್ಕೇ 2035 ಅಷ್ಟು ಬೇಗ ಊರೂರು ಸುತ್ತಿತು. 2018ರಲ್ಲೂ ಹೀಗೇ ಆಯಿತು. ಏರಿಕೆಯನ್ನು 1.5 ಡಿಗ್ರಿಗೆ ನಿಲ್ಲಿಸಬೇಕಾದರೆ 2030ರೊಳಗೆ ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆ 2010ರ ಮಟ್ಟಕ್ಕಿಂತ ಸುಮಾರು 45 ಶೇಕಡಾ ಇಳಿಯಬೇಕು ಎಂದು ಐಪಿಸಿಸಿ ಹೇಳಿತು. ಅದು "ಭೂಮಿಗೆ ಉಳಿದಿರುವುದು 12 ವರ್ಷ" ಎಂಬ ಸುದ್ದಿಯಾಯಿತು. 2012ರ ಡಿಸೆಂಬರ್ 21ಕ್ಕೆ ಪ್ರಳಯ ಎಂದು ಟಿವಿಯಲ್ಲಿ ಹಗಲೂರಾತ್ರಿ ನೋಡಿದ ಜನ ನಾವು. ಡಿಸೆಂಬರ್ 22ರ ಬೆಳಿಗ್ಗೆ ಎದ್ದು ಕಾಫಿ ಕುಡಿದೆವು. ಹಿಮ ಕರಗುವ ಸುದ್ದಿಗೂ ಅದೇ ಸಂಗೀತ, ಅದೇ ಕೆಂಪು ಅಕ್ಷರ ಹಾಕಿ ತೋರಿಸಿದರೆ ನೋಡುವವರು ಎರಡನ್ನೂ ಒಂದೇ ಬುಟ್ಟಿಗೆ ಹಾಕುತ್ತಾರೆ. ಅವರದೇನು ತಪ್ಪು?

ಪತ್ರಿಕೆಗಳ ಇನ್ನೊಂದು ಅಭ್ಯಾಸ, ಇಬ್ಬರನ್ನು ಎದುರುಬದುರು ಕೂರಿಸುವುದು. ಮ್ಯಾಕ್ಸ್‌ವೆಲ್ ಮತ್ತು ಜೂಲ್ಸ್ ಬಾಯ್ಕಾಫ್ ಎಂಬ ಸಹೋದರರು ಅಮೆರಿಕದ ನಾಲ್ಕು ದೊಡ್ಡ ಪತ್ರಿಕೆಗಳಲ್ಲಿ 1988ರಿಂದ 2002ರವರೆಗೆ ಬಂದ ಬರಹಗಳನ್ನು ಪರಿಶೀಲಿಸಿದರು. ಅರ್ಧಕ್ಕಿಂತ ಹೆಚ್ಚು ಬರಹಗಳಲ್ಲಿ, ಮನುಷ್ಯನಿಂದ ಭೂಮಿ ಬಿಸಿಯಾಗುತ್ತಿದೆ ಎನ್ನುವವರಿಗೂ ಅಲ್ಲ ಎನ್ನುವವರಿಗೂ ಸಮಸಮ ಜಾಗ. ವಿಜ್ಞಾನಿಗಳ ನಡುವೆ ಅಂಥ ಸಮಸಮ ಜಗಳ ಇರಲೇ ಇಲ್ಲ. ಆ ಜಗಳ ಬೇಕಾಗಿದ್ದವರು ಬೇರೆಯವರು. 1998ರಲ್ಲಿ ಅಮೆರಿಕದ ತೈಲ ಉದ್ಯಮದ ಒಕ್ಕೂಟದಲ್ಲಿ ಸೇರಿದವರು ಬರೆದಿಟ್ಟ ಯೋಜನೆಯೊಂದು ಹೊರಬಿತ್ತು. ಹವಾಮಾನ ವಿಜ್ಞಾನದಲ್ಲಿ ಖಚಿತತೆ ಇಲ್ಲ ಎಂಬುದು ಸಾಮಾನ್ಯ ಜನರ ತಲೆಗೆ ಹೋದಾಗ ನಮಗೆ ಗೆಲುವು ಎಂಬುದು ಅದರ ಸಾರ. ಅಲ್ಲಿ ಅನುಮಾನವನ್ನು ತಯಾರಿಸಲಾಗುತ್ತಿತ್ತು.

ನಿಜವಾದ ಅನುಮಾನವನ್ನು ನಾನು ಗೌರವಿಸುತ್ತೇನೆ. "ಬೆಂಗಳೂರಿನ ಸೆಕೆಗೆ ಕಾಂಕ್ರೀಟೇ ಕಾರಣ ಅಲ್ವಾ? ಥರ್ಮಾಮೀಟರೂ ಊರೊಳಗೇ ಇರೋದಲ್ವಾ?" ಎಂದು ನೀವು ಕೇಳುತ್ತೀರಲ್ಲ, ಅದು ಒಳ್ಳೆಯ ಪ್ರಶ್ನೆ. ಕ್ಯಾಲಿಫೋರ್ನಿಯಾದ ಭೌತವಿಜ್ಞಾನಿ ರಿಚರ್ಡ್ ಮುಲ್ಲರ್ ಅವರಿಗೂ ಇದೇ ಅನುಮಾನವಿತ್ತು. ಅವರು ಟಿವಿಯಲ್ಲಿ ಕೂತು ವಾದಿಸುವುದಕ್ಕಷ್ಟೇ ನಿಲ್ಲಲಿಲ್ಲ, ಬರ್ಕ್ಲಿ ಅರ್ಥ್ ಎಂಬ ತಂಡ ಕಟ್ಟಿ ಭೂಮಿಯ ಮೇಲಿನ ಹತ್ತಾರು ಸಾವಿರ ಹವಾಮಾನ ಕೇಂದ್ರಗಳ ದಾಖಲೆಗಳನ್ನು ಮೊದಲಿಂದ ಲೆಕ್ಕ ಹಾಕಿದರು. ಹಣ ಕೊಟ್ಟವರಲ್ಲಿ ತೈಲ ಉದ್ಯಮಿ ಚಾರ್ಲ್ಸ್ ಕೋಚ್ ಅವರ ಪ್ರತಿಷ್ಠಾನವೂ ಇತ್ತು. ನಗರದ ಬಿಸಿ ನಿಜ, ಆದರೆ ಇಡೀ ನೆಲದ ತಾಪಮಾನದ ಏರಿಕೆಗೆ ಅದು ಕಾರಣವಲ್ಲ ಎಂದು ಅವರ ಲೆಕ್ಕವೇ ತೋರಿಸಿತು. 2012ರಲ್ಲಿ ಮುಲ್ಲರ್, ಭೂಮಿ ಬಿಸಿಯಾಗಿದೆ, ಹೆಚ್ಚುಕಡಿಮೆ ಪೂರ್ತಿಯಾಗಿ ಮನುಷ್ಯನಿಂದಲೇ ಎಂದು ಬಹಿರಂಗವಾಗಿ ಬರೆದರು. ಅಳೆದು ನೋಡಿ ಮನಸ್ಸು ಬದಲಿಸಿದ ಆ ಮನುಷ್ಯನ ಬಗ್ಗೆ ನನಗೆ ಬಹಳ ಪ್ರೀತಿ. ರೈನಾ ಅವರ ವಾದದ ಉಳಿದ ಭಾಗ ಮುಂದಿನ ಅಳತೆಗಳ ಮುಂದೆ ನಿಲ್ಲಲಿಲ್ಲ, ನಿಜ. ಆದರೂ 2035 ಸರಿಯಲ್ಲ ಎಂದು ಎದ್ದು ನಿಂತು ಹೇಳಿದ್ದಕ್ಕೆ ಅವರಿಗೂ ನಾವು ಋಣಿಗಳು.

ಆ ಹುಡುಗ ಈಗ ಎಂಜಿನಿಯರ್. ಹೋದ ವರ್ಷ ಒಂದು ಮದುವೆಯಲ್ಲಿ ಸಿಕ್ಕಿದ್ದ. ಅವನ ಹಳೆಯ ಪ್ರಶ್ನೆಗೆ ಉತ್ತರ ಬಾಕಿ ಇದೆ ಎಂದು ಹೇಳಿ, ಛೋಟಾ ಶಿಗ್ರಿಯ ಬಿದಿರ ಕೋಲುಗಳ ಲೆಕ್ಕವನ್ನು ಆಮೇಲೆ ಕಳಿಸಿದೆ. ಸತ್ಯವೋ ಸುಳ್ಳೋ ಎಂದು ಅವನು ಈ ಸಲ ಕೇಳಲಿಲ್ಲ. ರಾತ್ರಿ ಹತ್ತಕ್ಕೆ ಫೋನ್ ಮಾಡಿ, "ಸಾರ್, ವರ್ಷಕ್ಕೆ ಅರ್ಧ ಮೀಟರ್ ಸರಿ. ಇನ್ನೂ ಎಷ್ಟು ದಪ್ಪ ಉಳಿದಿದೆ?" ಅಂದ. ರಾಡಾರ್ ಹೊತ್ತು ಹತ್ತಿದವರು ಅದನ್ನೂ ಅಳೆದಿದ್ದಾರೆ. ಮೇಲೆ ಕೆಲವು ಕಡೆ 200 ಮೀಟರಿಗೂ ಹೆಚ್ಚು, ಕೆಳಗೆ ಬಂದಂತೆ ಅದರ ಅರ್ಧದಷ್ಟು. ಅದನ್ನು ಒಂದು ಹಾಳೆಯಲ್ಲಿ ಬರೆದು, ಫೋಟೊ ತೆಗೆದು ಅವನಿಗೆ ಕಳಿಸಿದೆ.