ಮೇ ತಿಂಗಳು ದಾಟುವ ಹೂಗಿಡ

ನಮಸ್ಕಾರ. ಇವತ್ತು ಒಂದೇ ಒಂದು ಪದ ಹಿಡಿದುಕೊಂಡು ಮಾತಾಡುತ್ತೇನೆ. ‘ಹಾರ್ಡಿ.’

ನರ್ಸರಿಗೆ ಹೋದರೆ ಈ ಪದ ಕಿವಿಗೆ ಬಿದ್ದೇ ಬೀಳುತ್ತದೆ. ‘ತಗೊಳ್ಳಿ ಮೇಡಂ, ಇದು ತುಂಬಾ ಹಾರ್ಡಿ, ಏನೂ ಆಗಲ್ಲ.’ ಆನ್‌ಲೈನ್‌ನಲ್ಲಿ ತರಿಸಿದ ಬೀಜದ ಪೊಟ್ಟಣದ ಮೇಲೂ ಅದೇ. ಎಂಟು ವರ್ಷದ ಹಿಂದೆ ಆ ಮಾತು ನಂಬಿ, ಬೆಂಗಳೂರಿನ ನಮ್ಮ ಮನೆ ಮುಂದಿನ ಕಲ್ಲಿನ ಪಾತಿಗೆ ಆರು ಲ್ಯಾವೆಂಡರ್ ಗಿಡ ತಂದೆ. ಡಿಸೆಂಬರ್‌ನಲ್ಲಿ ನೆಟ್ಟೆ. ಫೆಬ್ರವರಿವರೆಗೂ ಬಾಗಿಲು ತೆಗೆದರೆ ಘಮ ಅಂತ ಬರುತ್ತಿತ್ತು. ಏಪ್ರಿಲ್‌ನಲ್ಲಿ ಸೊರಗಿದವು, ಆದರೂ ಉಳಿದವು. ಜುಲೈನಲ್ಲಿ ಮಳೆ ಹಿಡಿಯಿತು. ಗೌರಿ ಹಬ್ಬದ ಹೊತ್ತಿಗೆ ಆರರಲ್ಲಿ ಒಂದೂ ಇರಲಿಲ್ಲ. ಕಿತ್ತು ನೋಡಿದರೆ ಬೇರು ಕಪ್ಪಾಗಿ ಕೊಳೆತಿತ್ತು.

ಆಮೇಲೆ ತುಂಬಾ ಜನರ ಬಾಯಲ್ಲಿ ಇದೇ ಕಥೆ ಕೇಳಿದ್ದೇನೆ. ಎಲ್ಲರೂ ಕೊನೆಗೆ ಒಂದೇ ಮಾತು ಹೇಳುತ್ತಾರೆ: ‘ನನ್ನ ಕೈಗುಣವೇ ಸರಿಯಿಲ್ಲ.’ ದಯವಿಟ್ಟು ಹಾಗೆ ಅಂದುಕೊಳ್ಳಬೇಡಿ. ನಿಮ್ಮ ಕೈಯಲ್ಲಿ ತಪ್ಪಿಲ್ಲ. ಆ ಪದವೇ ಬೇರೆ ಊರಿನದು.

ಅಮೆರಿಕ, ಯುರೋಪಿನ ತೋಟಗಾರರು ಹಾರ್ಡಿ ಎಂದರೆ ಅದಕ್ಕೆ ಒಂದೇ ಅರ್ಥ. ಚಳಿ ತಡೆಯುತ್ತದೆ ಎಂದು. ಅಮೆರಿಕದ ಕೃಷಿ ಇಲಾಖೆ ದೇಶವನ್ನು ವಲಯಗಳಾಗಿ ವಿಂಗಡಿಸಿ ನಕ್ಷೆ ಮಾಡಿದೆ. ವರ್ಷದಲ್ಲಿ ಅತಿ ಚಳಿಯ ದಿನ ಉಷ್ಣಾಂಶ ಎಷ್ಟಕ್ಕೆ ಇಳಿಯುತ್ತದೆ ಎನ್ನುವುದರ ಸರಾಸರಿಯೇ ಅದಕ್ಕೆ ಆಧಾರ. ಹಿಮ ಬಿದ್ದು ನೆಲ ಗಟ್ಟಿಯಾದರೂ ಬೇರು ಸಾಯದಿದ್ದರೆ ಆ ಗಿಡ ಹಾರ್ಡಿ. ಅವರಿಗೆ ಅದು ಸರಿಯಾದ ಅಳತೆ. ನಮಗೆ? ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ. ಅದೂ 1884ರ ಜನವರಿಯಲ್ಲಿ. ಇಲ್ಲಿ ಚಳಿಗೆ ಸಾಯುವ ಗಿಡವೇ ಅಪರೂಪ. ನಮ್ಮ ಗಿಡಗಳು ಸಾಯುವುದು ಏಪ್ರಿಲ್, ಮೇ ತಿಂಗಳ ಬಿಸಿಲಿಗೆ. ಅದನ್ನು ದಾಟಿದರೆ ಜುಲೈ, ಆಗಸ್ಟ್‌ನ ತೇವಕ್ಕೆ. ಇವೆರಡನ್ನೂ ಆ ನಕ್ಷೆ ಕೇಳುವುದೇ ಇಲ್ಲ.

ಇನ್ನೊಂದು ವಿಷಯ ಇದೆ. ಟ್ಯೂಲಿಪ್, ಪಿಯೋನಿ, ನೆರಳಿಗೆ ಅಂತ ವಿಡಿಯೋಗಳಲ್ಲಿ ಹೊಗಳುವ ಹೋಸ್ಟಾ, ಇವು ಚಳಿ ತಡೆದುಕೊಳ್ಳುವುದಷ್ಟೇ ಅಲ್ಲ, ಇವಕ್ಕೆ ಚಳಿ ಬೇಕೇ ಬೇಕು. ಕೆಲವು ವಾರ ಗಟ್ಟಿ ಚಳಿಯಲ್ಲಿ ಮಲಗದಿದ್ದರೆ ಮುಂದಿನ ವರ್ಷಕ್ಕೆ ಏಳುವ ಶಕ್ತಿ ಬರುವುದಿಲ್ಲ. ಬೆಂಗಳೂರಿನಲ್ಲಿ ನೆಟ್ಟರೆ ಮೊದಲ ವರ್ಷ ಚೆನ್ನಾಗಿ ಕಾಣುತ್ತವೆ. ಗಿಡ ತನ್ನೊಳಗೆ ಕೂಡಿಟ್ಟದ್ದನ್ನು ಖರ್ಚು ಮಾಡುತ್ತಿರುತ್ತದೆ, ಅಷ್ಟೇ.

ಕಲ್ಲಿನ ತೋಟ ಎನ್ನುವ ಶೋಕಿಯೂ ಆ ಕಡೆಯಿಂದಲೇ ಬಂದದ್ದು. ಲಂಡನ್ನಿನ ಕ್ಯೂ ಉದ್ಯಾನದಲ್ಲಿ 1882ರಲ್ಲಿ ಒಂದು ದೊಡ್ಡ ರಾಕ್ ಗಾರ್ಡನ್ ಕಟ್ಟಿದರು. ಎತ್ತರದ ಹಿಮಪರ್ವತಗಳ ಪುಟ್ಟ ಗಿಡಗಳನ್ನು ಬೆಳೆಸುವುದಕ್ಕೆ. ಅಲ್ಲಿ ಕಲ್ಲಿನಿಂದ ದೊಡ್ಡ ಉಪಕಾರ ಎಂದರೆ ನೀರು ನಿಲ್ಲದಂತೆ ನೋಡಿಕೊಳ್ಳುವುದು. ನಮ್ಮಲ್ಲಿ ಕಲ್ಲು ಹಾಗಲ್ಲ. ಮೇ ತಿಂಗಳ ಮಧ್ಯಾಹ್ನ ಬರಿಗಾಲಲ್ಲಿ ಚಪ್ಪಡಿ ಮೇಲೆ ನಿಂತು ನೋಡಿ. ದೋಸೆ ಹಂಚು.

ಹಾಗಾದರೆ ನಮಗೆ ಪಾಠ ಎಲ್ಲಿದೆ? ಲಾಲ್‌ಬಾಗ್‌ನ ಬಂಡೆಯ ಮೇಲೆ ಇದೆ. ಅಲ್ಲಿಗೆ ಎಲ್ಲರೂ ಕೆಂಪೇಗೌಡ ಗೋಪುರ ನೋಡಲು ಹತ್ತುತ್ತಾರೆ. ಸುಮಾರು 300 ಕೋಟಿ ವರ್ಷ ಹಳೆಯ ಶಿಲೆ ಅದು. ರಾಮನಗರ, ಸಾವನದುರ್ಗ, ನಂದಿಬೆಟ್ಟ, ಎಲ್ಲಿ ಹೋದರೂ ಬಂಡೆ ಇದ್ದೇ ಇದೆ. ಒಂದೇ ಬಂಡೆಯನ್ನು ವರ್ಷಕ್ಕೆ ಎರಡು ಸಲ ನೋಡಿ. ಮೇ ತಿಂಗಳಲ್ಲಿ ಒಮ್ಮೆ, ಆಗಸ್ಟ್‌ನಲ್ಲಿ ಒಮ್ಮೆ. ಮೇನಲ್ಲಿ ಬಿರುಕಿನಲ್ಲಿ ಒಣ ಹುಲ್ಲು ಬಿಟ್ಟರೆ ಹೆಚ್ಚೇನೂ ಕಾಣುವುದಿಲ್ಲ. ಆಗಸ್ಟ್‌ನಲ್ಲಿ ಅದೇ ಬಿರುಕು, ಅದೇ ಒಂದು ಹಿಡಿ ಮಣ್ಣು, ಹಸಿರು ತುಂಬಿರುತ್ತದೆ. ಸಯನೋಟಿಸ್ ಎನ್ನುವ ಪುಟ್ಟ ಗಿಡದ ನೇರಳೆ ಹೂ ಅರಳಿರುತ್ತದೆ. ಇವನ್ನು ಯಾರೂ ತಂದು ನೆಟ್ಟದ್ದಲ್ಲ. ಬಿಸಿಲುಗಾಲದಲ್ಲಿ ಇವು ಎಲ್ಲಿದ್ದವು? ಕೆಲವು ಬೀಜವಾಗಿ ಕಾದಿದ್ದವು. ಕೆಲವು ಗೆಡ್ಡೆಯಾಗಿ, ಬೇರಾಗಿ ಕಲ್ಲಿನ ಕೆಳಗೆ ಮಲಗಿದ್ದವು. ಇನ್ನು ಕೆಲವು ದಪ್ಪ ಎಲೆ, ದಪ್ಪ ಕಾಂಡದಲ್ಲಿ ನೀರು ಹಿಡಿದಿಟ್ಟುಕೊಂಡು ಅಲ್ಲೇ ನಿಂತಿದ್ದವು.

ನನ್ನ ಪ್ರಕಾರ ನಮ್ಮ ಊರಿಗೆ ಗಟ್ಟಿ ಗಿಡ ಎಂದರೆ ಇದು. ಮೇ ತಿಂಗಳು ದಾಟುವ ಉಪಾಯ ಗೊತ್ತಿರುವ ಗಿಡ. ನರ್ಸರಿಯಲ್ಲಿ ಹೂ ನೋಡಿ ಆರಿಸಬೇಡಿ. ಆ ಗಿಡಕ್ಕೆ ಅತಿ ಕಷ್ಟದ ತಿಂಗಳು ಯಾವುದು, ಆಗ ಅದು ಏನು ಮಾಡುತ್ತದೆ ಎಂದು ಕೇಳಿ ಆರಿಸಿ.

ನನಗೆ ಇದರಲ್ಲಿ ಅತಿ ಪ್ರೀತಿಯ ಗಿಡ ಗೌರಿ ಹೂ. ಅಗ್ನಿಶಿಖೆ ಅಂತಲೂ ಕರೆಯುತ್ತಾರೆ. ಕೆಲವು ಕಡೆ ಕರ್ಣಕುಂಡಲಕ್ಕೂ ಗೌರಿ ಹೂ ಎನ್ನುವುದುಂಟು, ನಾನು ಹೇಳುತ್ತಿರುವುದು ಅದಲ್ಲ. ಬೇಲಿಯಲ್ಲಿ ಬೆಂಕಿಯ ನಾಲಿಗೆ ಹಾಗೆ ಕೆಂಪು, ಹಳದಿ ಎಸಳು ಮೇಲಕ್ಕೆ ಎತ್ತಿಕೊಂಡು ಅರಳುತ್ತದಲ್ಲ, ಅದು. ಎಲೆಯ ತುದಿಯೇ ಸುರುಳಿಯಾಗಿ ಪಕ್ಕದ ಕಡ್ಡಿಯನ್ನು ಹಿಡಿದುಕೊಂಡು ಹತ್ತುತ್ತದೆ. ಮೊದಲ ಮಳೆಗೆ ಮೊಳಕೆ, ಗೌರಿ ಹಬ್ಬದ ಸುಮಾರಿಗೆ ಹೂ, ಮಳೆ ಮುಗಿದ ಮೇಲೆ ಬಳ್ಳಿ ಒಣಗಿ ಮಾಯ. ಬೇಸಿಗೆಯಿಡೀ ನೆಲದೊಳಗೆ ನೇಗಿಲಿನ ಆಕಾರದ ಗೆಡ್ಡೆ ಮಾತ್ರ. ಅದಕ್ಕೇ ಸಂಸ್ಕೃತದಲ್ಲಿ ಲಾಂಗಲಿ ಎಂಬ ಹೆಸರು. ಒಂದು ಎಚ್ಚರಿಕೆ ಗಟ್ಟಿಯಾಗಿ ಹೇಳುತ್ತೇನೆ. ಇದರ ಪ್ರತಿ ಭಾಗವೂ ವಿಷ, ಗೆಡ್ಡೆಯಂತೂ ಪ್ರಾಣ ತೆಗೆಯುವಂಥದ್ದು. ಸಣ್ಣ ಮಕ್ಕಳು, ನಾಯಿ ಇರುವ ಮನೆಯಲ್ಲಿ ಬೇಡ.

ಇನ್ನೊಂದು ಮೇ ಫ್ಲವರ್. ಮಲೆನಾಡಿನ ಹಿತ್ತಲುಗಳಲ್ಲಿ ಇದಿಲ್ಲದ ಮನೆ ಕಡಿಮೆ. ಚೆಂಡಿನ ಹಾಗೆ ದುಂಡಗೆ, ಕೆಂಪಗೆ. ಹುಟ್ಟಿದ್ದು ಆಫ್ರಿಕಾದಲ್ಲಿ, ಆದರೆ ನಮ್ಮ ಮಳೆಗಾಲದ ಲೆಕ್ಕ ಅದಕ್ಕೆ ಸರಿಯಾಗಿ ಹೊಂದಿಕೊಂಡಿದೆ. ಮೊದಲ ಮಳೆ ಬಿದ್ದ ಕೂಡಲೇ ಬರಿ ನೆಲದಿಂದ ಹೂವೇ ಎದ್ದು ಬರುತ್ತದೆ, ಎಲೆ ಆಮೇಲೆ. ಇದರ ಗೆಡ್ಡೆಯೂ ವಿಷವೇ, ಆದ್ದರಿಂದ ಮಕ್ಕಳಿಗೆ, ನಾಯಿಗೆ ಸಿಗದ ಮೂಲೆ ನೋಡಿ ಹಾಕಿ. ಅರ್ಧ ನೆರಳು, ನೀರು ಇಂಗುವ ಮಣ್ಣು, ಇಷ್ಟಿದ್ದರೆ ಸಾಕು. ಪ್ರತಿ ವರ್ಷ ಕಿತ್ತು ಜಾಗ ಬದಲಿಸಬೇಡಿ. ಅದಕ್ಕೆ ಇಷ್ಟವಾಗುವುದಿಲ್ಲ.

ಈಗ ಒಂದು ಲೆಕ್ಕ ಹಾಕೋಣ. ಮೇನಲ್ಲಿ ಮೇ ಫ್ಲವರ್. ಜೂನ್‌ನಲ್ಲಿ ಮಳೆ ಬಿದ್ದು ಕೆಲವೇ ದಿನಕ್ಕೆ ಗುಂಪುಗುಂಪಾಗಿ ಏಳುವ ರೈನ್ ಲಿಲಿ. ಆಗಸ್ಟ್‌ಗೆ ಗೌರಿ ಹೂ. ನವೆಂಬರ್, ಡಿಸೆಂಬರ್‌ಗೆ ಸ್ಫಟಿಕದ ಹೂ. ಕೆಲವರು ಅದಕ್ಕೆ ಡಿಸೆಂಬರ್ ಹೂ ಎಂದೇ ಹೇಳುತ್ತಾರೆ. ನೇರಳೆ, ಬಿಳಿ, ಗೀಟು ಗೀಟಿನದು. ಚಳಿ ಕಳೆಯುವ ಹೊತ್ತಿಗೆ ಕಲ್ಲಿನ ಮೇಲೆ ಕಾಡುಬಸಳೆ ಗಂಟೆಗಳ ಹಾಗೆ ಹೂ ನೇತುಬಿಡುತ್ತದೆ. ಬಿಸಿಲು ಏರಿದಾಗ ಅಡೇನಿಯಂ. ಇಷ್ಟಕ್ಕೆ ವರ್ಷ ತುಂಬಿತು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಜರ್ಮನಿಯ ತೋಟಗಾರಿಕೆ ತಜ್ಞ ಕ್ರುಂಬಿಗಲ್ ಬೆಂಗಳೂರಿನ ರಸ್ತೆಗಳಲ್ಲಿ ಮರಗಳನ್ನು ಹೀಗೇ ಆರಿಸಿದರು. ಒಂದು ಜಾತಿಯ ಹೂ ಉದುರುವಾಗ ಇನ್ನೊಂದು ಅರಳಬೇಕು ಎಂದು. ನಮಗೆ ರಸ್ತೆ ಇಲ್ಲ, ಹತ್ತಡಿ ಜಾಗ ಇದೆ. ಅದೇ ಲೆಕ್ಕ ನೆಲದ ಮೇಲೂ ನಡೆಯುತ್ತದೆ.

ಕಲ್ಲು ಜೋಡಿಸುವುದರ ಬಗ್ಗೆ ಸ್ವಲ್ಪ ಹೇಳಲೇಬೇಕು, ಯಾಕೆಂದರೆ ಒಳ್ಳೆ ಗಿಡ ಕೆಡುವುದು ಇಲ್ಲೇ. ಕಲ್ಲನ್ನು ಮಣ್ಣಿನ ಮೇಲೆ ಸುಮ್ನೆ ಇಟ್ಟರೆ ಅದು ಬಿಸಿಯಾಗಿ ಸುತ್ತಲಿನದನ್ನೆಲ್ಲ ಸುಡುತ್ತದೆ. ಮೂರರಲ್ಲಿ ಒಂದು ಭಾಗ ಹೂತು, ಸ್ವಲ್ಪ ಹಿಂದಕ್ಕೆ ವಾಲಿಸಿ ಇಡಿ. ಆಗ ಮೇಲೆ ಬಿದ್ದ ಮಳೆ ಹಿಂದಿನ ಮಣ್ಣಿಗೆ ಇಳಿಯುತ್ತದೆ. ಏಪ್ರಿಲ್‌ನಲ್ಲೂ ಇಂಥ ಕಲ್ಲು ಎತ್ತಿ ನೋಡಿದರೆ ಅಡಿ ತಣ್ಣಗಿರುತ್ತದೆ, ಬೇರು ಅಲ್ಲಿಗೇ ಹುಡುಕಿಕೊಂಡು ಹೋಗುತ್ತದೆ. ಮಣ್ಣಿಗೆ ಕೆಮ್ಮಣ್ಣು, ಸಣ್ಣ ಜಲ್ಲಿ, ಒಡೆದ ಇಟ್ಟಿಗೆ ಚೂರು, ಸ್ವಲ್ಪ ಕೊಟ್ಟಿಗೆ ಗೊಬ್ಬರ. ಮನೆ ಕಟ್ಟಿ ಉಳಿದ ಸಿಮೆಂಟ್ ಕಸ ಬೇಡ. ನರ್ಸರಿಯಿಂದ ಬಂದ ಗಿಡದ ಬೇರಿಗೆ ಕೊಕೊಪೀಟ್, ಅಂದರೆ ತೆಂಗಿನ ನಾರಿನ ಪುಡಿ, ಗಟ್ಟಿಯಾಗಿ ಸುತ್ತಿಕೊಂಡಿದ್ದರೆ ಬಕೆಟ್ ನೀರಿನಲ್ಲಿ ಅದ್ದಿ ಮೆಲ್ಲಗೆ ಬಿಡಿಸಿ. ಹಾಗೇ ನೆಟ್ಟರೆ ಮಳೆಗಾಲದಲ್ಲಿ ಆ ಮುದ್ದೆ ಸ್ಪಂಜಿನ ಹಾಗೆ ನೀರು ಹಿಡಿಯುತ್ತದೆ. ನನ್ನ ಲ್ಯಾವೆಂಡರ್ ಕೊಳೆಯಲು ಮಳೆಯ ಜೊತೆ ಇದೂ ಕಾರಣ ಅಂತ ಈಗ ಅನ್ನಿಸುತ್ತದೆ.

ಇನ್ನು ನೆರಳು. ‘ನೆರಳಿಗೆ ಯಾವ ಗಿಡ?’ ಎಂದು ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ. ಒಣ ನೆರಳೋ, ಒದ್ದೆ ನೆರಳೋ? ಬೆಂಗಳೂರಿನ ಹೊಂಗೆ ಮರದ ಕೆಳಗಿನದು ಒಣ ನೆರಳು. ಮೇಲಿನ ಒಂದು ಗೇಣು ಮಣ್ಣಿನ ನೀರನ್ನೆಲ್ಲ ಮರದ ಬೇರೇ ಕುಡಿದುಬಿಡುತ್ತದೆ. ಸಾಲದ್ದಕ್ಕೆ ಬೇಸಿಗೆಗೆ ಮುಂಚೆ ಹೊಂಗೆ ಎಲೆ ಉದುರಿಸಿ ಕೆಲವು ದಿನ ಬೋಳಾಗಿ ನಿಲ್ಲುತ್ತದೆ, ಆಗ ಕೆಳಗಿನ ಗಿಡದ ತಲೆಗೆ ನೇರ ಬಿಸಿಲು. ಸಾಗರ, ತೀರ್ಥಹಳ್ಳಿ ಕಡೆಯ ಬಾವಿಕಟ್ಟೆ ಪಕ್ಕದ್ದು ಒದ್ದೆ ನೆರಳು. ಎರಡಕ್ಕೂ ಒಂದೇ ಗಿಡ ಹೇಗೆ ಹೇಳುವುದು?

ಒಣ ನೆರಳಿಗೆ ನಾನು ಕಣ್ಣು ಮುಚ್ಚಿ ಹೇಳುವುದು ಕನಕಾಂಬರ. ಕರಾವಳಿಯವರಿಗೆ ಅಬ್ಬಲಿಗೆ. ಇದು ದಕ್ಷಿಣ ಭಾರತದ, ಶ್ರೀಲಂಕಾದ ನೆಲದ್ದೇ ಗಿಡ. ಮುಡಿಯುವ ಹೂ ಎಂದು ನಾವು ಇದನ್ನು ತೋಟದ ಅಂದಕ್ಕೆ ಲೆಕ್ಕಕ್ಕೇ ಹಿಡಿಯುವುದಿಲ್ಲ, ಅದು ನನಗೆ ನಿಜವಾಗಿ ಬೇಜಾರು. ಹೊರದೇಶದವರು ಇದನ್ನು ಕುಂಡದಲ್ಲಿಟ್ಟು ಮನೆಯೊಳಗೆ ಮುದ್ದು ಮಾಡಿ ಬೆಳೆಸುತ್ತಾರೆ. ನಮ್ಮಲ್ಲಿ ಅರ್ಧ ನೆರಳಿನಲ್ಲಿ ವರ್ಷದ ಬಹುಪಾಲು ಹೂ ಬಿಡುತ್ತದೆ. ತಳಿ ಮಾತ್ರ ನೋಡಿಕೊಳ್ಳಿ. ಮಾರುಕಟ್ಟೆಗೆ ಹೂ ಬೆಳೆಯುವವರು ಹಾಕುವ ಡೆಲ್ಲಿ ಕನಕಾಂಬರ ಬೀಜ ಕಟ್ಟುವುದಿಲ್ಲ, ಕಡ್ಡಿ ನೆಟ್ಟೇ ಮಾಡಿಕೊಳ್ಳಬೇಕು. ಮರದ ಕೆಳಗೆ ಹರಡಲಿ ಎನ್ನುವವರಿಗೆ ನಾಟಿ ಕನಕಾಂಬರವೇ ಸರಿ. ಒಣಗಿದ ತೆನೆಗೆ ನೀರು ತಾಗಿದರೆ ಪಟ್ ಎಂದು ಸಿಡಿದು ಬೀಜ ದೂರ ಹಾರುತ್ತದೆ. ಚಿಕ್ಕವರಿದ್ದಾಗ ನಾವು ಅದನ್ನು ನಾಲಿಗೆಯಿಂದ ಒದ್ದೆ ಮಾಡಿ ಒಬ್ಬರ ಮೇಲೊಬ್ಬರು ಎಸೆಯುತ್ತಿದ್ದೆವು. ಗಿಡ ಹಳದಿಯಾಗಿ ಕುಗ್ಗಿದರೆ ಒಂದು ಬೇರು ಬಿಡಿಸಿ ನೋಡಿ. ಗಂಟು ಗಂಟಾಗಿದ್ದರೆ ಜಂತುಹುಳು, ನೆಮಟೋಡ್. ಆ ಗಿಡ ತೆಗೆದು ಆ ಜಾಗದಲ್ಲಿ ಒಂದು ಬೆಳೆ ಚೆಂಡು ಹೂ ಹಾಕಿ.

ಒದ್ದೆ ನೆರಳಿಗೆ ಸುರುಳಿ ಸುಗಂಧಿ. ಬಿಳಿ ಚಿಟ್ಟೆಯ ಹಾಗಿನ ಹೂ, ಸಂಜೆ ಹೊತ್ತಿಗೆ ಇಡೀ ಹಿತ್ತಲು ಘಮಘಮ. ಅಮ್ಮನ ಮನೆಯಲ್ಲಿ ಬಚ್ಚಲ ನೀರು ಹರಿಯುವ ಕಾಲುವೆ ಪಕ್ಕ ಇತ್ತು. ನಾನು ಅದರ ಒಂದು ತುಂಡು ತಂದು ಹೊಂಗೆ ಕೆಳಗೆ ಹಾಕಿದ್ದೆ, ಎರಡು ವರ್ಷ ಎಲೆ ಬಿಟ್ಟರೆ ಹೂ ಕಾಣಲಿಲ್ಲ. ಅಮ್ಮ ಬಂದು ನೋಡಿ, ‘ನೀರು ಕುಡಿಯೋದನ್ನ ತಂದು ಬರಗಾಲದಲ್ಲಿ ಇಟ್ಟಿದ್ದೀಯಲ್ಲೇ’ ಎಂದರು. ತೊಟ್ಟಿ ಪಕ್ಕಕ್ಕೆ ಸರಿಸಿದ ಮೇಲೆ ಮುಂದಿನ ಮಳೆಗಾಲಕ್ಕೇ ಹೂ.

ಹೈಡ್ರಾಂಜಿಯಾ ಬಗ್ಗೆ ಕೇಳುತ್ತೀರಿ ಅಂತ ಗೊತ್ತು. ಕೊಡಗು, ಚಿಕ್ಕಮಗಳೂರಿನ ಎಸ್ಟೇಟ್ ಮನೆಗಳ ಮುಂದೆ ಅದು ಎಷ್ಟು ಚೆಂದ! ಅಲ್ಲಿಯವರು ಧಾರಾಳವಾಗಿ ಹಾಕಿ. ಬೆಂಗಳೂರಿನಲ್ಲಿ ಮಧ್ಯಾಹ್ನದ ಬಿಸಿಲು ಒಂಚೂರೂ ತಾಗದ ಜಾಗ ಇದ್ದರೆ ಮಾತ್ರ. ಬಳ್ಳಾರಿ, ರಾಯಚೂರಿನಲ್ಲಿ ಬೇಡವೇ ಬೇಡ. ಅಲ್ಲಿಗೆ ಕಾಶಿ ಕಣಗಲೆ ಇದೆಯಲ್ಲ. ಮಡಗಾಸ್ಕರ್‌ನಿಂದ ಬಂದ ಗಿಡ, ಗೋಡೆಯ ಬಿರುಕಿನಲ್ಲೂ ಹುಟ್ಟಿ ಹೂ ಬಿಡುತ್ತದೆ. ರಕ್ತದ ಕ್ಯಾನ್ಸರ್‌ಗೆ ಕೊಡುವ ವಿನ್‌ಕ್ರಿಸ್ಟಿನ್ ಔಷಧಿ ಮೊದಲು ಸಿಕ್ಕಿದ್ದೇ ಇದರಿಂದ. ಬುಡದಲ್ಲಿ ನೀರು ನಿಲ್ಲಬಾರದು, ಅದೊಂದೇ ಅದರ ಹಟ.

ಗಟ್ಟಿ ಎಂದ ಮಾತ್ರಕ್ಕೆ ಎಲ್ಲವೂ ಒಳ್ಳೆಯದಲ್ಲ. ಹಳದಿ ಹೂವಿನ ವೆಡೇಲಿಯಾ ನೋಡಿರುತ್ತೀರಿ, ನೆಲ ಮುಚ್ಚಲು ಒಳ್ಳೆಯದು ಎಂದು ಮಾರುತ್ತಾರೆ. ಬಿಸಿಲು, ನೆರಳು, ನೀರು ಏನಿದ್ದರೂ ಸೈ. ಅದೇ ತೊಂದರೆ. ಜಗತ್ತಿನ ಅತಿ ಕೆಟ್ಟ 100 ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಅದೂ ಇದೆ, ಲಂಟಾನವೂ ಇದೆ. ಲಂಟಾನವನ್ನೂ ನಮ್ಮ ದೇಶಕ್ಕೆ ತಂದದ್ದು ತೋಟದ ಅಂದಕ್ಕೆ. ಬಂಡೀಪುರದಲ್ಲಿ ಇವತ್ತು ಅದು ಎಷ್ಟು ಕಾಡನ್ನು ನುಂಗಿದೆ ಎಂದು ಹೋಗಿ ನೋಡಿ. ಕಾಡುಬಸಳೆಯೂ ಎಲೆ ಬಿದ್ದಲ್ಲೆಲ್ಲ ಮರಿ ಹಾಕುತ್ತದೆ, ಆದ್ದರಿಂದ ಅದು ಕಲ್ಲಿನ ಪಾತಿ ದಾಟದಂತೆ ನೋಡಿಕೊಳ್ಳಿ, ಕಿತ್ತದ್ದನ್ನು ಖಾಲಿ ಸೈಟಿಗೆ ಎಸೆಯಬೇಡಿ.

ಹಾಗೇ ಒಂದು ಬೇಡಿಕೆ. ಘಟ್ಟಕ್ಕೆ ಪ್ರವಾಸ ಹೋದಾಗ ಮರದ ಮೇಲಿನ ಸೀತಾಳೆ ದಂಡೆ, ಬಂಡೆಯ ಮೇಲಿನ ಕಾಡು ಕರ್ಣಕುಂಡಲ ಕಂಡರೆ ಕೈ ಹೋಗುತ್ತದೆ. ಕೀಳಬೇಡಿ. ಘಟ್ಟದ ಎಷ್ಟೋ ಕರ್ಣಕುಂಡಲಗಳು ಬೇರೆಲ್ಲೂ ಬೆಳೆಯುವುದಿಲ್ಲ. ಅಲ್ಲಿನ ಮಂಜು, ಅಲ್ಲಿನ ಜಿನುಗು ನೀರು ನಿಮ್ಮ ಬಾಲ್ಕನಿಗೆ ಬರುವುದಿಲ್ಲ. ಕನಕಾಂಬರದ ಬೀಜ, ಸ್ಫಟಿಕದ ಕಡ್ಡಿ, ರೈನ್ ಲಿಲಿ ಗೆಡ್ಡೆ ಪಕ್ಕದ ಮನೆಯವರನ್ನು ಕೇಳಿದರೆ ಖುಷಿಯಿಂದ ಕೊಡುತ್ತಾರೆ.

ಈಗ ನಮ್ಮ ಕಲ್ಲಿನ ಪಾತಿ ನೋಡಿದರೆ ನಿಮಗೆ ಅರ್ಧ ಖಾಲಿ ಕಾಣುತ್ತದೆ. ಹೋದ ವರ್ಷ ಪಾತಿ ಚೊಕ್ಕ ಮಾಡಲು ಬಂದವರು ಖಾಲಿ ಜಾಗ ಎಂದುಕೊಂಡು ಅಗೆದು, ಗೌರಿ ಹೂವಿನ ಎರಡು ಗೆಡ್ಡೆ ತುಂಡಾದವು. ಅದಕ್ಕೇ ಈ ಸಲ ಬಳ್ಳಿ ಒಣಗುವ ಮುಂಚೆಯೇ ಒಂದೊಂದು ಗೆಡ್ಡೆಯ ಪಕ್ಕ ಒಂದೊಂದು ಬಿದಿರು ಕಡ್ಡಿ ನೆಟ್ಟಿದ್ದೇನೆ. ಒಟ್ಟು ಏಳು. ಮೇ ಫ್ಲವರ್ ಇರುವಲ್ಲಿ ಒಂದು ಬಿಳಿ ಕಲ್ಲು. ನಿನ್ನೆ ಸಂಜೆ ಮೋಡ ಕಟ್ಟಿತ್ತು, ನಾಲ್ಕು ಹನಿ ಬಿತ್ತು. ಬೆಳಿಗ್ಗೆ ಹೋಗಿ ನೋಡಿದೆ. ಬಿಳಿ ಕಲ್ಲಿನ ಪಕ್ಕ ಮಣ್ಣು ಸ್ವಲ್ಪ ಬಿರಿದಿದೆ.