ಎಂಟು ಸಾಲಿನ ಪುಟ: ವೇಲ್ಸಿನ ಗಣಿ ಕಣಿವೆಯ ಒಂದು ಪ್ಯಾರಿಷ್ ಚರ್ಚು

ಕೇಳುಗರೆಲ್ಲರಿಗೂ ನಮಸ್ಕಾರ.

ದಪ್ಪ ರಟ್ಟಿನ ಒಂದು ದಾಖಲೆ ಪುಸ್ತಕವನ್ನು ಕಣ್ಣಮುಂದೆ ತಂದುಕೊಳ್ಳಿ. ಪುಟಕ್ಕೆ ಎಂಟೇ ನಮೂದು. ದೀಕ್ಷಾಸ್ನಾನ, ಅಂದರೆ ಬ್ಯಾಪ್ಟಿಸಂ, ಆದ ದಿನ, ಮಗುವಿನ ಹೆಸರು, ತಂದೆತಾಯಿಯ ಹೆಸರು, ಮನೆತನದ ಹೆಸರು, ವಾಸ ಎಲ್ಲಿ, ತಂದೆಯ ಕಸುಬು ಏನು, ದೀಕ್ಷಾಸ್ನಾನ ಕೊಟ್ಟವರು ಯಾರು ಎಂದು ಸಾಲಾಗಿ ಅಚ್ಚಾದ ಅಂಕಣಗಳು. 1812ರ ಕಾಯಿದೆಯ ಪ್ರಕಾರ 1813ರ ಜನವರಿ 1ರಿಂದ ಇಂಗ್ಲೆಂಡ್ ಮತ್ತು ವೇಲ್ಸಿನ ಪ್ರತಿ ಪ್ಯಾರಿಷ್ ಚರ್ಚೂ, ಅಂದರೆ ಒಂದೊಂದು ಗಡಿಯೊಳಗಿನ ಜನರಿಗೆಂದು ಇದ್ದ ಚರ್ಚೂ, ಇದೇ ಮಾದರಿಯ ಪುಸ್ತಕ ಇಡಬೇಕಾಯಿತು. ಗಣಿ ಊರೊಂದರ ಚರಿತ್ರೆ ಬೇಕೆಂದರೆ ಮೊದಲು ಓದಬೇಕಾದದ್ದು ಗೋಪುರವನ್ನಲ್ಲ, ಈ ಪುಸ್ತಕದ ಕಸುಬಿನ ಅಂಕಣವನ್ನು.

ಮೊದಮೊದಲ ಪುಟಗಳಲ್ಲಿ ರೈತ, ಕೂಲಿ, ರೈತ, ಕುರುಬ. ವಾಸದ ಅಂಕಣದಲ್ಲಿ ಒಂಟಿ ತೋಟದ ಮನೆಗಳ ಹೆಸರು. ಆಮೇಲೆ ಒಂದು ಪುಟದಲ್ಲಿ ‘ಸಿಂಕರ್’ ಎಂಬ ಪದ ಕಾಣಿಸಿಕೊಳ್ಳುತ್ತದೆ. ಸಿಂಕರ್ ಎಂದರೆ ಗಣಿಯ ಬಾವಿ, ಅಂದರೆ ಶಾಫ್ಟ್, ತೋಡುವವನು. ಕಲ್ಲಿದ್ದಲು ಕಡಿಯುವವನಿಗಿಂತ ಮುಂಚೆ ಬರುವವನು ಅವನೇ. ಅವನ ಹಿಂದೆಯೇ ಗಾರೆಯವನು, ಬಡಗಿ. ಕೊನೆಗೆ ಸಾಲುಸಾಲಾಗಿ ‘ಕೊಲಿಯರ್’, ಕಲ್ಲಿದ್ದಲು ಕಡಿಯುವವನು. ಅಷ್ಟರಲ್ಲಿ ವಾಸದ ಅಂಕಣದಿಂದ ತೋಟದ ಹೆಸರುಗಳು ಹೋಗಿ ಬೀದಿಯ ಹೆಸರುಗಳು ಬಂದಿರುತ್ತವೆ. ಊರು ಹುಟ್ಟಿದ್ದು ಹೀಗೆ, ಪಾದ್ರಿಯ ಕೈಬರಹದಲ್ಲಿ ಕಾಣುತ್ತದೆ.

ಇವತ್ತು ಹೇಳಲಿರುವುದು ದಕ್ಷಿಣ ವೇಲ್ಸಿನ ರೊಂದ ಕಣಿವೆಯ ಹಳೆಯ ಪ್ಯಾರಿಷ್ ಬಗ್ಗೆ. ವೆಲ್ಶ್ ಭಾಷೆಯಲ್ಲಿ ಎರಡು ‘ಡಿ’ ಬರೆದು ಉಚ್ಚರಿಸುವ ಧ್ವನಿ ನಮ್ಮ ‘ದ’ಕಾರಕ್ಕೆ ಹತ್ತಿರ, ಹಾಗಾಗಿ ರೊಂದ ಎಂದೇ ಕರೆಯೋಣ. ಪ್ಯಾರಿಷಿನ ಹೆಸರು ಅಸ್ಟ್ರಾಡವೋಡುಗ್. ಟವೋಡುಗ್ ಎಂಬ ಸಂತನ ಬಯಲು ಎಂದು ಅರ್ಥ. ಬಹುಕಾಲ ಇದು ಲ್ಯಾಂಟ್ರಿಸಂಟ್ ಎಂಬ ದೊಡ್ಡ ಪ್ಯಾರಿಷಿಗೆ ಸೇರಿದ ಉಪಚರ್ಚು. ಲ್ಯಾಂಟ್ರಿಸಂಟ್ ಎಂದರೆ ಮೂವರು ಸಂತರ ಚರ್ಚು. ಇಲ್ಟುಡ್, ಗ್ವಿನೋ, ಮತ್ತೆ ಇದೇ ಟವೋಡುಗ್.

ನಮ್ಮ ಹೋಬಳಿಯ ಹಾಗೆ ಪ್ಯಾರಿಷಿಗೂ ಗಡಿ ಇರುತ್ತಿತ್ತು. ಗಡಿಯೊಳಗೆ ಒಂದು ಚರ್ಚು, ಒಬ್ಬ ವಿಕಾರ್, ಅಂದರೆ ಆ ಪ್ಯಾರಿಷಿನ ಪಾದ್ರಿ. ಆ ಗಡಿಯೊಳಗಿನ ಯಾರೇ ಆಗಲಿ, ಆ ಚರ್ಚಿಗೆ ಹೋಗಲಿ ಬಿಡಲಿ, ಕಾನೂನಿನ ಕಣ್ಣಿಗೆ ಅವರು ಆ ಪ್ಯಾರಿಷಿನವರೇ ಆಗಿದ್ದರು. ಮೇಕೆ ಕುರಿ ಮೇಯುವ, ಮರ ತುಂಬಿದ ಕಣಿವೆಗೆ ಈ ಏರ್ಪಾಟು ಸಾಕಾಗಿತ್ತು. ಅಳಿಲೊಂದು ನೆಲ ಮುಟ್ಟದೆ ಕಣಿವೆಯ ಈ ತುದಿಯಿಂದ ಆ ತುದಿಗೆ ಹೋಗಬಹುದಿತ್ತು ಎಂಬ ಮಾತು ಅಲ್ಲಿ ಇಂದಿಗೂ ಇದೆ.

ಈಗ ಜನಗಣತಿಯ ಲೆಕ್ಕ ಕೇಳಿ. 1851ರಲ್ಲಿ ಈ ಪ್ಯಾರಿಷಿನ ಜನ 951. 1861ರಲ್ಲಿ 3,035. 1871ರಲ್ಲಿ 16,914. 1911ರ ಹೊತ್ತಿಗೆ ಇಡೀ ರೊಂದದಲ್ಲಿ 1,52,781. ಇದಕ್ಕೆ ಕಾರಣ ಕಣಿವೆಯ ಮೇಲ್ಭಾಗದಲ್ಲಿ ಆಳದಲ್ಲಿದ್ದ ಉಗಿ ಕಲ್ಲಿದ್ದಲು. ಹೊಗೆ ಕಡಿಮೆ, ಶಾಖ ಹೆಚ್ಚು, ಹಡಗಿನ ಬಾಯ್ಲರಿಗೆ ಹೇಳಿ ಮಾಡಿಸಿದ್ದು. 1855ರ ಡಿಸೆಂಬರಿನಲ್ಲಿ ಟ್ರೆಹರ್ಬರ್ಟಿನ ಗಣಿಯಿಂದ ಆ ಕಲ್ಲಿದ್ದಲು ಮೊದಲ ಬಾರಿಗೆ ರೈಲಿನಲ್ಲಿ ಕಾರ್ಡಿಫಿಗೆ ಇಳಿಯಿತು. ಅಲ್ಲಿಂದ ಮುಂದೆ ಜನ ಬಂದ ವೇಗಕ್ಕೆ ಯಾವ ಸಂಸ್ಥೆಯೂ ಸಿದ್ಧವಾಗಿರಲಿಲ್ಲ. ಎಲ್ಲಕ್ಕಿಂತ ಹಿಂದೆ ಬಿದ್ದದ್ದು ಪ್ಯಾರಿಷ್ ಚರ್ಚು.

ಜನರಿಗೆ ದೇವರ ಮೇಲೆ ಭಕ್ತಿ ಇರಲಿಲ್ಲ ಎಂದಲ್ಲ. 1905ರ ಸುಮಾರಿಗೆ ರೊಂದದಲ್ಲಿ 151 ಚಾಪೆಲ್‌ಗಳಿದ್ದವು. ಚಾಪೆಲ್ ಎಂದರೆ ಬ್ಯಾಪ್ಟಿಸ್ಟರು, ಇಂಡಿಪೆಂಡೆಂಟರು, ಮೆಥಡಿಸ್ಟರು ಮುಂತಾದವರು, ಸರ್ಕಾರಿ ಮನ್ನಣೆಯ ಚರ್ಚಿನಿಂದ ಬೇರೆ ನಿಂತವರು, ತಾವೇ ಕಟ್ಟಿಕೊಂಡ ಪ್ರಾರ್ಥನಾ ಮಂದಿರ. ಹತ್ತು ಜನ ಗಣಿ ಕೆಲಸದವರು ಒಂದು ಅಡುಗೆಮನೆಯಲ್ಲಿ ಸೇರಿ, ಚಂದಾ ಎತ್ತಿ, ಸಾಲ ತಂದು, ಎರಡು ವರ್ಷದಲ್ಲಿ ಚಾಪೆಲ್ ಎಬ್ಬಿಸುತ್ತಿದ್ದರು. ಯಾರ ಅಪ್ಪಣೆಯೂ ಬೇಕಿರಲಿಲ್ಲ. ಪ್ಯಾರಿಷ್ ಚರ್ಚು ಹಾಗಲ್ಲ. ಗಡಿ ಒಡೆಯಲು ಕಾನೂನು ಬೇಕು, ಜಾಗಕ್ಕೆ ಜಮೀನ್ದಾರ ಬೇಕು, ಪಾದ್ರಿಗೆ ಖಾಯಂ ವರಮಾನ ತೋರಿಸಬೇಕು. 1843ರ ಹೊಸ ಪ್ಯಾರಿಷ್‌ಗಳ ಕಾಯಿದೆ ಈ ಗಂಟನ್ನು ಸ್ವಲ್ಪ ಸಡಿಲಿಸಿತು. ಕನಿಷ್ಠ 2,000 ಜನರಿರುವ ಕಡೆ, ಚರ್ಚು ಕಟ್ಟುವ ಮುಂಚೆಯೇ, ಮುಂದೆ ಪ್ಯಾರಿಷ್ ಆಗುವಂಥ ಹೊಸ ಚರ್ಚ್ ಜಿಲ್ಲೆ ಮಾಡಬಹುದಿತ್ತು. ಅಲ್ಲಿನ ಪಾದ್ರಿಗೆ ವರ್ಷಕ್ಕೆ ಕನಿಷ್ಠ 100 ಪೌಂಡ್, ಚರ್ಚು ಪ್ರತಿಷ್ಠೆಯಾಗಿ ಪೂರ್ಣ ಪ್ಯಾರಿಷ್ ಆದ ಮೇಲೆ 150. ಈ ಕಣಿವೆ ಸೇರಿದ್ದ ಲ್ಯಾಂಡಾಫ್ ಧರ್ಮಪ್ರಾಂತ್ಯದ ಬಿಷಪ್ ಆಲ್ಫ್ರೆಡ್ ಆಲಿವಂಟ್ 1850ರಲ್ಲಿ ಚರ್ಚ್ ವಿಸ್ತರಣಾ ಸಂಘ ಕಟ್ಟಿದ್ದು, ಆಮೇಲೆ ಬಿಷಪ್ ರಿಚರ್ಡ್ ಲೂಯಿಸ್ 1884ರಲ್ಲಿ ನಿಧಿ ತೆರೆದದ್ದು, ಎರಡೂ ಈ ಹಿಂದುಳಿಕೆಯನ್ನು ತುಂಬಲೆಂದೇ.

ಭಾಷೆಯ ಮಾತು ಬೇರೆಯೇ ಇದೆ, ನನ್ನ ಪ್ರಕಾರ ಹಣಕ್ಕಿಂತ ಅದೇ ದೊಡ್ಡದು. ಮೊದಲ ಅಲೆಯಲ್ಲಿ ಕಣಿವೆಗೆ ಬಂದವರು ವೇಲ್ಸಿನದೇ ಹಳ್ಳಿಗಾಡಿನವರು, ವೆಲ್ಶ್ ಮಾತಾಡುವವರು. ಬೈಬಲ್ 1588ರಲ್ಲೇ ಪೂರ್ತಿಯಾಗಿ ವೆಲ್ಶ್‌ಗೆ ಬಂದಿತ್ತು. ಆದರೆ 18ನೇ ಶತಮಾನದ ಮೊದಲ ಭಾಗದಿಂದ 1870ರವರೆಗೆ, ವೆಲ್ಶ್ ತಾಯ್ನುಡಿಯಾಗಿದ್ದ ಒಬ್ಬರೇ ಒಬ್ಬರು ವೇಲ್ಸಿನಲ್ಲಿ ಬಿಷಪ್ ಆಗಲಿಲ್ಲ. 1870ರಲ್ಲಿ ಸೇಂಟ್ ಆಸಫಿಗೆ ಜೋಶುವಾ ಹ್ಯೂಸ್ ನೇಮಕವಾದಾಗ ಆ ಬೇಲಿ ಮುರಿಯಿತು. ತಾಯಿಯ ಮಾತಿನಲ್ಲಿ ಪ್ರಾರ್ಥಿಸುವವನಿಗೆ ಚಾಪೆಲ್ ಮನೆಯಂತೆ ಕಂಡರೆ ಅಚ್ಚರಿಯಿಲ್ಲ. ಮುಂದೆ ಇಂಗ್ಲೆಂಡಿನ ಸಾಮರ್ಸೆಟ್, ಗ್ಲಾಸ್ಟರ್‌ಶೈರ್ ಕಡೆಯಿಂದ ಕೆಲಸಗಾರರು ಬಂದಾಗ ತೊಡಕು ತಿರುಗುಮುರುಗಾಯಿತು. ಒಂದೇ ಚರ್ಚಿನಲ್ಲಿ ಎರಡು ಸಭೆ. ಯಾವ ಹೊತ್ತು ಯಾವ ಭಾಷೆಗೆ ಎಂಬ ಜಗ್ಗಾಟ.

ಇಂಥ ಕಡೆ ಒಂದು ಚರ್ಚು ಹುಟ್ಟುವುದು ಹೇಗೆ? ಮೊದಲು ಶಾಲೆಯ ಕೋಣೆ. ವಾರವಿಡೀ ಮಕ್ಕಳು, ಭಾನುವಾರ ಆರಾಧನೆ. ಮುಂದೆ ಬಹಳ ಕಡೆ ತಗಡಿನ ಚರ್ಚು: ಕಾರ್ಖಾನೆಯಲ್ಲಿ ತಯಾರಾಗಿ ಬಂದ ಮರದ ಚೌಕಟ್ಟು, ಹೊರಗೆ ಸುಕ್ಕು ತಗಡು, ಒಳಗೆ ಹಲಗೆ. ಕೆಲವೇ ವಾರಗಳಲ್ಲಿ ನಿಲ್ಲುತ್ತಿತ್ತು. ಆದರೆ ರೊಂದದ ಮಳೆ ತಗಡಿನ ಮೇಲೆ ಬಿದ್ದರೆ ಪಾದ್ರಿಯ ಪ್ರವಚನ ಕೇಳಿಸುತ್ತಿರಲಿಲ್ಲ. ಚಳಿಗಾಲದಲ್ಲಿ ಜನರ ಉಸಿರೇ ತಗಡಿನ ಒಳಮೈಗೆ ತಾಗಿ ನೀರಾಗಿ ಹಲಗೆಯ ಹಿಂದೆ ಇಳಿದು, ಚೌಕಟ್ಟು ಬುಡದಿಂದ ಕೊಳೆಯುತ್ತಿತ್ತು. ತಾತ್ಕಾಲಿಕ ಎಂದು ನಿಲ್ಲಿಸಿದ್ದನ್ನು ದಶಕಗಟ್ಟಲೆ ಬಳಸಿದರೆ ಆಗುವುದು ಅದೇ.

ಇಲ್ಲಿ ವಂಶಾವಳಿ ಹುಡುಕುವವರು ಎಡವುವ ಒಂದು ಜಾಗವಿದೆ. ಶಾಲೆಯ ಕೋಣೆಗೂ ತಗಡಿನ ಚರ್ಚಿಗೂ ಬಿಷಪ್ ಕೊಡುತ್ತಿದ್ದದ್ದು ಸಾಮಾನ್ಯವಾಗಿ ಪರವಾನಗಿ ಮಾತ್ರ, ಪ್ರತಿಷ್ಠೆಯಲ್ಲ. ಪ್ರತಿಷ್ಠೆ ಎಂದರೆ ಆ ನೆಲವನ್ನು ಶಾಶ್ವತವಾಗಿ ಬೇರೆ ಬಳಕೆಯಿಂದ ತೆಗೆದಿಡುವುದು. ಅದಕ್ಕೆ ಜಾಗ ಸ್ವಂತದ್ದಾಗಿರಬೇಕು, ಸಾಲ ತೀರಿರಬೇಕು. ಪರವಾನಗಿಯ ಚರ್ಚಿನಲ್ಲಿ ದೀಕ್ಷಾಸ್ನಾನ ಆಗಬಹುದು, ಆದರೆ ಮದುವೆಗೆ ಬೇರೆಯೇ ಅನುಮತಿ ಬೇಕು. ಹಾಗಾಗಿ ಒಂದೇ ಕುಟುಂಬದ ಮಗುವಿನ ದೀಕ್ಷಾಸ್ನಾನ ಹತ್ತಿರದ ಇಂಥ ಪರವಾನಗಿಯ ಚರ್ಚಿನ ಪುಸ್ತಕದಲ್ಲಿ, ತಂದೆತಾಯಿಯ ಮದುವೆ ಮೈಲಿಗಟ್ಟಲೆ ದೂರದ ತಾಯಿಚರ್ಚಿನ ಪುಸ್ತಕದಲ್ಲಿ ಇರುತ್ತದೆ. ಹೊಸ ಪ್ಯಾರಿಷ್ ಆದ ದಿನದಿಂದ ಹೊಸ ಪುಸ್ತಕ, ಹಿಂದಿನದೆಲ್ಲ ಹಳೆಯ ಚರ್ಚಿನಲ್ಲೇ. ಇದೇ ಕಣಿವೆಯ ಪೆಂಟ್ರೆ ಎಂಬ ಊರಿನ ಸೇಂಟ್ ಪೀಟರ್ ಚರ್ಚಿನಲ್ಲಿ 1860ರ ಮದುವೆ ಹುಡುಕಿದರೆ ಸಿಕ್ಕುವುದಿಲ್ಲ, ಆಗ ಆ ಚರ್ಚೇ ಇರಲಿಲ್ಲ.

ಆ ಸೇಂಟ್ ಪೀಟರ್ ಚರ್ಚು ಪ್ರತಿಷ್ಠೆಯಾದದ್ದು 1890ರಲ್ಲಿ. ಕಟ್ಟಿಸಿದವರು ಬ್ಯಾಗ್ಲನಿನ ಲುವೆಲಿನ್ ಮನೆತನದವರು, ಪೆಂಟ್ರೆಯ ಜಮೀನಿನ ಒಡೆಯರು. ನೆಲದಡಿಯ ಪ್ರತಿ ಟನ್ ಕಲ್ಲಿದ್ದಲಿಗೂ ಒಡೆಯನಿಗೆ ರಾಯಲ್ಟಿ ಸಲ್ಲುತ್ತಿದ್ದ ಕಾಲ ಅದು. ಬಿಗಿದು ಜೋಡಿಸಿದ ಸಾಲು ಮನೆಗಳ ನಡುವೆ ಭಾರಿ ಗೋಪುರ ಎದ್ದು ನಿಂತದ್ದಕ್ಕೆ ಜನ ‘ರೊಂದದ ಕೆಥೆಡ್ರಲ್’ ಎಂದೇ ಹೆಸರಿಟ್ಟರು.

ಈ ಕಣಿವೆಯ ಚರ್ಚುಗಳ ಗೋಡೆಯನ್ನು ಹತ್ತಿರ ಹೋಗಿ ನೋಡಿದರೆ ಸಾಮಾನ್ಯವಾಗಿ ಎರಡು ಕಲ್ಲು ಕಾಣುತ್ತವೆ. ಗೋಡೆಗೆ ಬೆಟ್ಟದ್ದೇ ಪೆನಂಟ್ ಮರಳುಗಲ್ಲು, ನೀಲಿ ಬೂದು ಬಣ್ಣ, ಬಹಳ ಗಟ್ಟಿ. ಅದನ್ನು ಸೂಕ್ಷ್ಮವಾಗಿ ಕೆತ್ತುವುದು ಕಷ್ಟ. ಆದ್ದರಿಂದ ಕಿಟಕಿ ಬಾಗಿಲಿನ ಚೌಕಟ್ಟಿಗೆ ಇಂಗ್ಲೆಂಡಿನಿಂದ ರೈಲಿನಲ್ಲಿ ತಂದ ಬಾತ್ ಕಲ್ಲು. ಕೆನೆ ಬಣ್ಣದ ಮೃದು ಸುಣ್ಣಗಲ್ಲು, ಉಳಿಗೆ ಬೆಣ್ಣೆಯಂತೆ ಒಗ್ಗುತ್ತದೆ. ಕೆಡುವುದು ಇದೇ. ಮನೆಮನೆಯ ಒಲೆಯ ಹೊಗೆಯಲ್ಲಿದ್ದ ಗಂಧಕ ಮಳೆನೀರಿನಲ್ಲಿ ಸೇರಿ, ಸುಣ್ಣಗಲ್ಲಿನ ಮೈಯನ್ನು ಜಿಪ್ಸಂ ಮಾಡುತ್ತದೆ. ಮಳೆ ತೊಳೆಯದ ಮರೆಯ ಕಡೆ ಕಪ್ಪು ಹೊಪ್ಪಳೆ ಕಟ್ಟುತ್ತದೆ, ಗುಳ್ಳೆ ಏಳುತ್ತದೆ, ಒಂದು ದಿನ ಹೊಪ್ಪಳೆ ಕಳಚಿ ಒಳಗೆ ಹಿಟ್ಟಿನಂಥ ಪುಡಿ ಉಳಿಯುತ್ತದೆ.

ದುರಸ್ತಿಯ ಹೆಸರಲ್ಲಿ ಆಗುವ ತಪ್ಪು ಇನ್ನೊಂದು. ಪೆನಂಟ್ ಕಲ್ಲು ನೀರನ್ನು ಹೀರಿ ಬಿಡುವ ಜಾತಿಯದಲ್ಲ. ಗೋಡೆಯೊಳಗೆ ಹೊಕ್ಕ ತೇವ ಹೊರಗೆ ಹೋಗಬೇಕಾದದ್ದು ಕಲ್ಲುಗಳ ನಡುವಿನ ಸಂದಿಯಿಂದ, ಅಂದರೆ ಸುಣ್ಣದ ಗಾರೆಯಿಂದ. ಆ ಸಂದಿಗೆ ಸಿಮೆಂಟ್ ತುಂಬಿದರೆ ದಾರಿ ಮುಚ್ಚಿತು. ಸಿಮೆಂಟಿನ ಅಂಚಿನ ಕೂದಲೆಳೆ ಬಿರುಕಿನಲ್ಲಿ ನೀರು ಒಳಗೆ ಬರುತ್ತದೆ, ಹೊರಗೆ ಹೋಗದೆ ಒಳಗಿನ ಗಿಲಾವನ್ನು ಉದುರಿಸುತ್ತದೆ. ಸುಣ್ಣದ್ದನ್ನು ಸುಣ್ಣದಲ್ಲೇ ಸರಿಪಡಿಸಬೇಕು.

ಆದರೆ ಗಣಿ ಊರಿನ ಚರ್ಚಿನ ನಿಜವಾದ ಶತ್ರು ಕೆಳಗಿರುತ್ತದೆ. ಜಾಗ ದಾನ ಕೊಡುವ ಒಡೆಯ ಮೇಲಿನ ನೆಲವನ್ನು ಕೊಟ್ಟು, ಕೆಳಗಿನ ಖನಿಜದ ಹಕ್ಕನ್ನು ತನಗೇ ಉಳಿಸಿಕೊಳ್ಳುವುದು ಆಗ ವಾಡಿಕೆಯಾಗಿತ್ತು. ಚರ್ಚಿನಡಿಯ ಕಲ್ಲಿದ್ದಲನ್ನು ಆಧಾರವಾಗಿ ಬಿಡಬೇಕೆಂದರೆ ಅದಕ್ಕೆ ಬೆಲೆ ಕೊಡಬೇಕಿತ್ತು. ಆ ಹಣ ಎಲ್ಲಿಂದ ಬರಬೇಕು? ದಕ್ಷಿಣ ವೇಲ್ಸಿನಲ್ಲಿ ‘ಸಿಕ್ಸ್ ಫೀಟ್’, ‘ನೈನ್ ಫೀಟ್’ ಎಂದು ದಪ್ಪದ ಮೇಲೇ ಹೆಸರಾದ ಪದರಗಳಿವೆ. ಲಾಂಗ್‌ವಾಲ್ ವಿಧಾನದಲ್ಲಿ ಉದ್ದನೆಯ ಮುಖವನ್ನು ಕಡಿಯುತ್ತಾ ಮುಂದೆ ಹೋಗುತ್ತಾರೆ, ಹಿಂದಿನ ಟೊಳ್ಳು ಕುಸಿಯುತ್ತದೆ. ಮೇಲಿನ ನೆಲ ಅಲೆಯಂತೆ ಇಳಿಯುತ್ತದೆ. ಮೊದಲು ಎಳೆಯುತ್ತದೆ, ಆಮೇಲೆ ಒತ್ತುತ್ತದೆ. ಎಳೆದಾಗ ಕಿಟಕಿಯ ಕಮಾನಿನ ನೆತ್ತಿಯಲ್ಲಿ ಸೀಳು, ಒತ್ತಿದಾಗ ನೆಲಹಾಸು ಉಬ್ಬುವುದು. ಗೋಪುರ ಭಾರ, ಪಕ್ಕದ ಸಭಾಂಗಣ ಹಗುರ. ಎರಡೂ ಒಂದೇ ಸಮ ಇಳಿಯುವುದಿಲ್ಲ, ಹಾಗಾಗಿ ಅವೆರಡು ಕೂಡುವ ಮೂಲೆಯಲ್ಲಿ ಮೊದಲ ಬಿರುಕು. ಅದರ ಮೇಲೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿ ಅಂಟಿಸಿ ತಾರೀಖು ಬರೆದಿಡುತ್ತಾರೆ. ಗಾಜು ಒಡೆದರೆ ಗೋಡೆ ಇನ್ನೂ ಸರಿಯುತ್ತಿದೆ ಎಂದು ಅರ್ಥ, ಆಗ ಬಿರುಕನ್ನು ತುಂಬಿ ಪ್ರಯೋಜನವಿಲ್ಲ. ಗೋಡೆಯಿಂದ ಗೋಡೆಗೆ ಕಬ್ಬಿಣದ ಸರಳು ಹಾಯಿಸಿ ಹೊರಗೆ ತಟ್ಟೆ ಬಿಗಿದು ಹಿಡಿದಿಡಬೇಕು, ನೆಲ ನಿಂತ ಮೇಲೆ ಮಿಕ್ಕ ಕೆಲಸ.

ಮತ್ತೆ ಪುಸ್ತಕಕ್ಕೆ ಬರೋಣ, ಈ ಸಲ ಸಮಾಧಿಯ ಪುಸ್ತಕ. ಇದರಲ್ಲಿ ಹೆಸರು, ವಾಸ, ಹೂಳಿದ ದಿನ, ವಯಸ್ಸು, ಪಾದ್ರಿಯ ರುಜು ಇಷ್ಟೇ. ಸಾವಿನ ಕಾರಣಕ್ಕೆ ಅಂಕಣವೇ ಇಲ್ಲ. 1871ರ ಫೆಬ್ರವರಿ 24ರಂದು ಪೆಂಟ್ರೆ ಗಣಿಯಲ್ಲಿ ಸ್ಫೋಟವಾಗಿ 38 ಜನ ಸತ್ತರು. ಅಂಥ ದುರಂತವಾದಾಗ ಪುಸ್ತಕ ಹೇಳುವುದು ಒಂದೇ ರೀತಿಯಲ್ಲಿ: ಒಂದೇ ವಾರದ ತಾರೀಖು ಸಾಲುಸಾಲಾಗಿ, ಎಲ್ಲರೂ ಗಂಡಸರು, ವಯಸ್ಸು ಹದಿಮೂರರಿಂದ ನಲವತ್ತೋ ಐವತ್ತೋ. 1842ರ ಕಾಯಿದೆ ಹತ್ತು ವರ್ಷದೊಳಗಿನ ಹುಡುಗರನ್ನೂ ಎಲ್ಲ ಹೆಣ್ಣುಮಕ್ಕಳನ್ನೂ ಗಣಿಗೆ ಇಳಿಸಬಾರದೆಂದಿತ್ತು. ಆ ವಯಸ್ಸಿನ ಅಂಕಣ ನೋಡುವಾಗ ಇದು ನೆನಪಿರಲಿ. ಕಾರಣ ತಿಳಿಯಲು ಮರಣ ವಿಚಾರಣೆಯ ವರದಿ, ಗಣಿ ಇನ್ಸ್‌ಪೆಕ್ಟರ ವರದಿ, ಸ್ಥಳೀಯ ಪತ್ರಿಕೆ ನೋಡಬೇಕು.

1880ರವರೆಗೆ ಪ್ಯಾರಿಷ್ ಸ್ಮಶಾನದಲ್ಲಿ ಹೂಳಬೇಕೆಂದರೆ ಚರ್ಚಿನ ವಿಧಿಯಲ್ಲೇ ಆಗಬೇಕಿತ್ತು. ಜೀವಮಾನವೆಲ್ಲ ಚಾಪೆಲಿನಲ್ಲಿ ಹಾಡಿದವನಿಗೂ ಕೊನೆಯ ಮಾತು ವಿಕಾರ್ ಹೇಳಬೇಕು. ಇದು ಜನರನ್ನು ನೋಯಿಸಿದಷ್ಟು ಬೇರಾವುದೂ ನೋಯಿಸಿರಲಾರದು. ಜಾರ್ಜ್ ಓಸ್ಬೋರ್ನ್ ಮಾರ್ಗನ್ ಎಂಬ ವೆಲ್ಶ್ ಸಂಸದ ಹಟ ಹಿಡಿದು ತಂದ 1880ರ ಕಾಯಿದೆ, ಅವರವರ ಪಂಥದ ರೀತಿಯಲ್ಲೇ ಅಲ್ಲಿ ಹೂಳಲು ದಾರಿ ಮಾಡಿತು.

1914ರಲ್ಲಿ ವೆಲ್ಶ್ ಚರ್ಚ್ ಕಾಯಿದೆ ಆಯಿತು. ಯುದ್ಧದಿಂದಾಗಿ ತಡೆದು, 1920ರ ಮಾರ್ಚ್ 31ರಂದು ಜಾರಿಗೆ ಬಂತು. ವೇಲ್ಸಿನ ಚರ್ಚು ಸರ್ಕಾರದಿಂದ ಬೇರೆಯಾಯಿತು. 1662ಕ್ಕಿಂತ ಹಿಂದಿನ ದತ್ತಿಗಳನ್ನು ಕೌಂಟಿ ಕೌನ್ಸಿಲ್‌ಗಳಿಗೂ ವಿಶ್ವವಿದ್ಯಾಲಯಕ್ಕೂ ಕೊಡಲಾಯಿತು. ಹಳ್ಳಿಗಾಡಿನ ಹಳೆಯ ಚರ್ಚುಗಳಿಗೆ ಇದು ದೊಡ್ಡ ಪೆಟ್ಟು. ಪೆಂಟ್ರೆಯಂಥ ಚರ್ಚಿಗೆ ಅಷ್ಟಲ್ಲ, ಅದರದ್ದೆಲ್ಲ ಆಮೇಲಿನ ದಾನ. ಒಂದು ವಿಚಿತ್ರ ಉಳಿಯಿತು: ಚರ್ಚು ಸರ್ಕಾರದ್ದಲ್ಲದಿದ್ದರೂ, ಪ್ಯಾರಿಷಿನಲ್ಲಿ ವಾಸವಾಗಿರುವವರು ಅಲ್ಲಿನ ಚರ್ಚಿನಲ್ಲಿ ಮದುವೆಯಾಗುವ ಹಕ್ಕನ್ನು ಕಾನೂನು ಹಾಗೆಯೇ ಬಿಟ್ಟಿತು.

ಆಮೇಲೆ ಜನ ಕರಗತೊಡಗಿದರು. 1921ರಲ್ಲಿ 1,62,717 ಇದ್ದ ರೊಂದದಲ್ಲಿ ಹತ್ತು ವರ್ಷಕ್ಕೆ 1,41,346. 1990ರ ಡಿಸೆಂಬರಿನಲ್ಲಿ ಮೈರ್ಡಿ ಗಣಿ ಮುಚ್ಚುವುದರೊಂದಿಗೆ ರೊಂದದ ಆಳ ಗಣಿಗಳ ಕಾಲ ಮುಗಿಯಿತು.

ಹುಡುಕಬೇಕೆನ್ನುವವರಿಗೆ ಎರಡು ಮಾತು. ರೊಂದದ ಪ್ಯಾರಿಷ್ ಪುಸ್ತಕಗಳು ಕಾರ್ಡಿಫಿನ ಗ್ಲಾಮಾರ್ಗನ್ ಆರ್ಕೈವ್ಸಿನಲ್ಲಿವೆ. ಪ್ರತಿ ವರ್ಷ ಬಿಷಪ್ಪರಿಗೆ ಕಳಿಸುತ್ತಿದ್ದ ನಕಲುಗಳು ಅಬರಿಸ್ಟ್ವಿತ್‌ನ ರಾಷ್ಟ್ರೀಯ ಗ್ರಂಥಾಲಯದಲ್ಲಿವೆ, ಮೂಲದ ಶಾಯಿ ಮಾಸಿದ್ದಾಗ ಕೈಹಿಡಿಯುವುದು ಇವೇ. 1754ರಿಂದ 1837ರ ಜೂನ್‌ವರೆಗಿನ ಮದುವೆಯಾದರೆ ಚಾಪೆಲಿನವರದ್ದನ್ನೂ ಪ್ಯಾರಿಷ್ ಪುಸ್ತಕದಲ್ಲೇ ನೋಡಿ, ಕ್ವೇಕರರು ಮತ್ತು ಯಹೂದ್ಯರನ್ನು ಬಿಟ್ಟು ಮಿಕ್ಕವರೆಲ್ಲ ಅಲ್ಲೇ ಆಗಬೇಕಿತ್ತು. ಬ್ಯಾಪ್ಟಿಸ್ಟರ ಮಕ್ಕಳು ದೀಕ್ಷಾಸ್ನಾನದ ಪುಸ್ತಕದಲ್ಲಿ ಸಿಕ್ಕುವುದಿಲ್ಲ, ಅವರಲ್ಲಿ ದೀಕ್ಷಾಸ್ನಾನ ದೊಡ್ಡವರಾದ ಮೇಲೆ. ಇನ್ನು ಹೆಸರು. ಜಾನ್ ಜೋನ್ಸ್, ಡೇವಿಡ್ ಡೇವಿಸ್, ಥಾಮಸ್ ಥಾಮಸ್ ಒಂದೊಂದು ಪುಟದಲ್ಲೂ ಇದ್ದಾರೆ. ಬರೀ ಹೆಸರು ಹಿಡಿದು ಹೋದರೆ ಬೇರೆಯವರ ಅಜ್ಜನನ್ನು ಮನೆಗೆ ಕರೆತರುತ್ತೀರಿ. ವಾಸದ ಅಂಕಣ, ಕಸುಬಿನ ಅಂಕಣ, ಹೆಂಡತಿಯ ಹೆಸರು, ಈ ಮೂರೂ ತಾಳೆಯಾದ ಮೇಲೆಯೇ ಬರೆದುಕೊಳ್ಳಿ.

ನಮಸ್ಕಾರ.