ಆಕಾಶದ ಬಾಯಿಗೆ ಮಾತು ತುರುಕೋರು

ನಮಸ್ಕಾರ. ಇವತ್ತು ಸ್ವಲ್ಪ ಜಗಳ ಆಡೋಣ ಅಂತ ಕೂತಿದೀನಿ, ಅದೂ ಎರಡೂ ಕಡೆಯವರ ಜೊತೆ. ಟೆಲಿಸ್ಕೋಪಿಂದ ಒಂದು ಹೊಸ ಫೋಟೋ ಬಂತು ಅಂದ್ಕೊಳಿ, ಯಾವುದೋ ನೆಬ್ಯುಲಾ, ಯಾವುದೋ ಗ್ಯಾಲಕ್ಸಿ, ನೋಡಿದ್ರೆ ಮೈ ಜುಮ್ ಅನ್ನತ್ತೆ. ಆಗ ಒಬ್ಬರು "ಇದನ್ನ ನೋಡಿದ ಮೇಲೂ ದೇವರಿಲ್ಲ ಅಂತೀರಾ" ಅಂತಾರೆ, ಪಕ್ಕದಲ್ಲೇ ಇನ್ನೊಬ್ಬರು "ಇಷ್ಟು ದೊಡ್ಡದನ್ನ ಮಾಡಿದೋನು ನಿನ್ನ ಪರೀಕ್ಷೆ ರಿಸಲ್ಟ್ ನೋಡ್ಕೊಂಡು ಕೂತಿರ್ತಾನಾ" ಅಂತಾರೆ. ಫೋಟೋ ಒಂದೇ. ತೀರ್ಪು ಎರಡು, ಮತ್ತೆ ಎರಡೂ ತೀರ್ಪು ಫೋಟೋ ಬರೋಕೆ ಮುಂಚೇನೇ ಬರೆದಿಟ್ಟಾಗಿತ್ತು.

ಬಾಹ್ಯಾಕಾಶಕ್ಕೆ ಹೋದ ಮೊದಲ ಮನುಷ್ಯ, ರಷ್ಯಾದ ಗಗಾರಿನ್ ಕಥೆ ಗೊತ್ತಲ್ಲ ನಿಮಗೆ. 1961ರ ಏಪ್ರಿಲ್ 12, 108 ನಿಮಿಷದ ಹಾರಾಟ, "ಮೇಲೆ ಹೋಗಿ ನೋಡಿದೆ, ದೇವರು ಕಾಣಲಿಲ್ಲ" ಅಂತ ಹೇಳಿದ ಅಂತಾರೆ. ಹಾರಾಟದಲ್ಲಿ ಆಡಿದ ಮಾತುಗಳ ದಾಖಲೆ ಇದೆ, ಅದರಲ್ಲಿ ಆ ವಾಕ್ಯ ಇಲ್ಲವೇ ಇಲ್ಲ. ಗಗಾರಿನ್ ಮೇಲೆ ಹೋಗಿ ಬಂದ, ದೇವರು ಕಾಣಲಿಲ್ಲ ಅಂತ ಭಾಷಣ ಮಾಡಿದ್ದು ಸೋವಿಯತ್ ನಾಯಕ ಕ್ರುಶ್ಚೇವ್. ಅಷ್ಟಕ್ಕೂ ಹೋಗಿದ್ದು ಮುನ್ನೂರು ಚಿಲ್ಲರೆ ಕಿಲೋಮೀಟರ್ ಎತ್ತರಕ್ಕೆ, ದೇವರು ಅಲ್ಲೇ ಕಾಯ್ತಾ ಕೂತಿರಬೇಕಿತ್ತು ಅಂತ ಯಾವ ಧರ್ಮದ ಯಾವ ಪಂಡಿತ ಹೇಳಿದ್ದ? ಇನ್ನು ಅಮೆರಿಕದವರು ಸುಮ್ನೆ ಇದ್ರಾ, 1968ರ ಕ್ರಿಸ್‌ಮಸ್ ಹಿಂದಿನ ರಾತ್ರಿ ಅಪೊಲೊ 8ರ ಮೂರೂ ಜನ ಚಂದ್ರನ ಸುತ್ತ ಸುತ್ತುತ್ತಾ ಬೈಬಲ್ಲಿನ ಸೃಷ್ಟಿಯ ಸಾಲುಗಳನ್ನ ಓದಿದ್ರು, ಅದಕ್ಕೆ ನಾಸ್ತಿಕ ಹೋರಾಟಗಾರ್ತಿ ಮ್ಯಾಡಲಿನ್ ಮರ್ರೆ ಓಹೇರ್ ಕೋರ್ಟಿಗೆ ಹೋದ್ರು, ಕೇಸ್ ವಜಾ ಆಯ್ತು. ಅದೇ ಬಾಹ್ಯಾಕಾಶ, ಒಬ್ಬರಿಗೆ ಖಾಲಿ, ಇನ್ನೊಬ್ಬರಿಗೆ ಗರ್ಭಗುಡಿ.

ಈಗ ಸೈಜಿನ ವಾದ ತಗೊಳಿ. ವಿಶ್ವಕ್ಕೆ 1380 ಕೋಟಿ ವರ್ಷ, ನಮಗೆ ಕಾಣೋಷ್ಟು ಭಾಗದ ಅಗಲಾನೇ ಸುಮಾರು 9300 ಕೋಟಿ ಜ್ಯೋತಿರ್ವರ್ಷ (ಬೆಳಕು ಒಂದು ವರ್ಷದಲ್ಲಿ ಓಡೋ ದೂರಾನೇ ಒಂದು ಜ್ಯೋತಿರ್ವರ್ಷ), 1990ರಲ್ಲಿ ವಾಯೇಜರ್ 1 ನೌಕೆ ಸುಮಾರು 600 ಕೋಟಿ ಕಿಲೋಮೀಟರ್ ದೂರದಿಂದ ಹಿಂದೆ ತಿರುಗಿ ಫೋಟೋ ತೆಗೆದಾಗ ಭೂಮಿ ಒಂದು ಪಿಕ್ಸೆಲ್ಲೂ ತುಂಬಲಿಲ್ಲ, ಹಾಗಾಗಿ ನಾವು ಲೆಕ್ಕಕ್ಕೇ ಇಲ್ಲ, ಹಾಗಾಗಿ ದೇವರಿಲ್ಲ. ಆ ಕೊನೇ "ಹಾಗಾಗಿ" ಎಲ್ಲಿಂದ ಬಂತು ಸ್ವಾಮಿ? ಚಿಕ್ಕದು ಅಂದ ಮಾತ್ರಕ್ಕೆ ಮುಖ್ಯ ಅಲ್ಲ ಅಂತ ಯಾವ ಟೆಲಿಸ್ಕೋಪ್ ಅಳೆದು ಹೇಳ್ತು? ತಮಾಷೆ ಏನಂದ್ರೆ ಇದೇನು ಹೊಸ ಸುದ್ದೀನೂ ಅಲ್ಲ. ಎರಡನೇ ಶತಮಾನದಲ್ಲೇ ಖಗೋಳಶಾಸ್ತ್ರಜ್ಞ ಟಾಲೆಮಿ, ಅದೇ ಭೂಮಿಯನ್ನ ನಡುವೆ ಕೂರಿಸಿದ ಟಾಲೆಮಿ, ಆಕಾಶದ ಮುಂದೆ ಭೂಮಿ ಬರೀ ಒಂದು ಚುಕ್ಕಿ ಅಂತ ಬರೆದಿಟ್ಟಿದ್ದ. ಇನ್ನು ಬೈಬಲ್ಲಿನ ಎಂಟನೇ ಕೀರ್ತನೆಯವನು ಇದೇ ಆಕಾಶ ನೋಡಿ, ಇಷ್ಟೆಲ್ಲದರ ಮಧ್ಯೆ ಮನುಷ್ಯ ಎಷ್ಟರವನು ಅಂತ ಕೇಳ್ತಾನೆ, ಕೇಳಿ ಇನ್ನೂ ಜಾಸ್ತಿ ಭಕ್ತ ಆಗ್ತಾನೆ.

ಮತ್ತೆ ಆ "ನಡುವೆ ಇರೋದು ಸೂರ್ಯ, ಭೂಮಿ ಅಲ್ಲ ಅಂತ ಹೇಳಿ ಕೋಪರ್ನಿಕಸ್ ಮನುಷ್ಯನನ್ನ ಸಿಂಹಾಸನದಿಂದ ಇಳಿಸಿದ" ಅನ್ನೋ ಡೈಲಾಗ್ ಇದೆಯಲ್ಲ, ಅದನ್ನ ನಾನೂ ಒಂದು ಕಾಲದಲ್ಲಿ ಬಹಳ ಸ್ಟೈಲಾಗಿ ಹೊಡೀತಿದ್ದೆ. ಆಮೇಲೆ ಓದಿದಾಗ ಗೊತ್ತಾಯ್ತು, ಮಧ್ಯಯುಗದ ಯುರೋಪಿನವರ ತಲೇಲಿ ವಿಶ್ವದ ನಡು ಅಂದ್ರೆ ಸಿಂಹಾಸನ ಅಲ್ಲ, ತಳ. ಭಾರದ್ದು, ಕೊಳೆಯೋದು ಎಲ್ಲಾ ಬಂದು ಸೇರೋ ಜಾಗ. ಇಟಲಿಯ ಕವಿ ಡಾಂಟೆ ನರಕವನ್ನ ಇಟ್ಟಿದ್ದು ಭೂಮಿಯ ಹೊಟ್ಟೆಯೊಳಗೆ, ಅದರ ತಟ್ಟನಡುವೆ ಸೈತಾನ.

ಸರಿ, ನಾಸ್ತಿಕರಿಗೆ ಬೈದಿದ್ದಾಯ್ತು, ಈ ಕಡೆಯವರು ಆಗಲೇ ನಗ್ತಿದೀರಾ ಅನ್ಸತ್ತೆ, ಸ್ವಲ್ಪ ತಡೀರಿ.

432 ಕೋಟಿ ವರ್ಷದ ವಿಷಯ. ಪುರಾಣದ ಪ್ರಕಾರ ಒಂದು ಕಲ್ಪ, ಅಂದ್ರೆ ಬ್ರಹ್ಮನ ಒಂದು ಹಗಲು, 432 ಕೋಟಿ ವರ್ಷ. ಭೂಮಿಯ ವಯಸ್ಸು ಸುಮಾರು 454 ಕೋಟಿ. "ನೋಡಿ ಎಷ್ಟು ಹತ್ತಿರ, ನಮ್ಮವರಿಗೆ ಆಗಲೇ ಗೊತ್ತಿತ್ತು" ಅನ್ನೋ ವಿಡಿಯೋ ನನಗೇ ಎಷ್ಟು ಸಲ ಬಂದಿದೆಯೋ. ಆದ್ರೆ ಅದೇ ಲೆಕ್ಕದ ಪ್ರಕಾರ ಈ ಕಲ್ಪದಲ್ಲಿ ಇಲ್ಲೀವರೆಗೆ ಕಳೆದಿರೋದು ಸುಮಾರು 197 ಕೋಟಿ ವರ್ಷ. ಅಂದ್ರೆ ಹೋಲಿಸೋದೇ ಆದ್ರೆ 454ರ ಜೊತೆ 197ನ ಹೋಲಿಸಬೇಕು, 432 ಅಲ್ಲ, ಅದು ಹಗಲು ಮುಗಿಯೋ ಹೊತ್ತಿನ ಲೆಕ್ಕ. ಹಗಲು ರಾತ್ರಿ ಸೇರಿಸಿದ್ರೆ 864 ಕೋಟಿ, ಬ್ರಹ್ಮನ ನೂರು ವರ್ಷ ಆಯಸ್ಸು ಅಂದ್ರೆ ಸುಮಾರು 311 ಲಕ್ಷ ಕೋಟಿ. ಇಷ್ಟು ಸಂಖ್ಯೆ ಸಾಲಾಗಿ ನಿಲ್ಲಿಸ್ಕೊಂಡ್ರೆ ನಾಳೆ ವಿಜ್ಞಾನಿಗಳು ಏನೇ ಹೇಳಲಿ, ಯಾವುದಾದ್ರೂ ಒಂದು ಹತ್ತಿರಕ್ಕೆ ಬಂದೇ ಬರತ್ತೆ. ಗೆದ್ದೆತ್ತಿನ ಬಾಲ ಹಿಡಿಯೋದು ಅಂದ್ರೆ ಇದೇ. ಅಷ್ಟು ಉದ್ದದ ಕಾಲವನ್ನ ಕಲ್ಪನೆ ಮಾಡೋಕೆ ಧೈರ್ಯ ಮಾಡಿದ್ರಲ್ಲ, ಅದು ನಿಜವಾಗ್ಲೂ ದೊಡ್ಡದು, ಅಷ್ಟಕ್ಕೇ ಬಿಟ್ಟಿದ್ರೆ ನಾನೂ ಚಪ್ಪಾಳೆ ಹೊಡೀತಿದ್ದೆ.

ಹಾಗಾದ್ರೆ ಖಗೋಳಶಾಸ್ತ್ರ ಧರ್ಮದ ಬಗ್ಗೆ ಏನೂ ಹೇಳಲ್ವಾ? ಹೇಳತ್ತೆ ರೀ, ಲೆಕ್ಕಕ್ಕೆ ಸಿಗೋ ಮಾತು ಆಡಿದ್ರೆ ಕಡ್ಡಿ ಮುರಿದ ಹಾಗೆ ಹೇಳತ್ತೆ. ಗ್ರಹಣ ರಾಹುವಿಂದ ಆಗತ್ತಾ ಅಂದ್ರೆ ಇಲ್ಲ, ನೆರಳಿಂದ, ಇದನ್ನ ಆರ್ಯಭಟ 499ರ ಹೊತ್ತಿಗೇ ಬರೆದಾಯ್ತು, ಮುಗೀತು. ವಿಶ್ವಕ್ಕೆ ಆರು ಸಾವಿರ ವರ್ಷ ಅನ್ನೋ ಕ್ರೈಸ್ತರ ಒಂದು ಗುಂಪು ಇದೆ, ಅವರದ್ದು ಇನ್ನೂ ಸ್ವಾರಸ್ಯ. ಆಂಡ್ರೊಮೆಡಾ ಗ್ಯಾಲಕ್ಸಿ ಇರೋದು ಸುಮಾರು 25 ಲಕ್ಷ ಜ್ಯೋತಿರ್ವರ್ಷ ದೂರ, ಬರಿಗಣ್ಣಿಗೇ ಕಾಣತ್ತೆ, ಆ ಬೆಳಕು ಆರು ಸಾವಿರ ವರ್ಷದಲ್ಲಿ ಹೇಗೆ ಬಂತು ಅಂದ್ರೆ, ದೇವರು ಬೆಳಕನ್ನ ದಾರಿ ಮಧ್ಯದಲ್ಲೇ ಸೃಷ್ಟಿ ಮಾಡಿದ ಅಂತ ಅವರಲ್ಲಿ ಕೆಲವರು ಹೇಳ್ತಾರೆ. ಸರಿ, ಒಪ್ಪೋಣ. 1987ರ ಫೆಬ್ರವರಿಯಲ್ಲಿ ನಕ್ಷತ್ರವೊಂದು ಸಿಡಿದ ಬೆಳಕು, ಅಂದ್ರೆ ಒಂದು ಸೂಪರ್‌ನೋವಾ ಕಂಡಿತು, ಪಕ್ಕದ ಒಂದು ಚಿಕ್ಕ ಗ್ಯಾಲಕ್ಸಿಯಲ್ಲಿ, ದೂರ ಸುಮಾರು 1 ಲಕ್ಷ 68 ಸಾವಿರ ಜ್ಯೋತಿರ್ವರ್ಷ. ಬೆಳಕು ಕಾಣೋಕೆ ಕೆಲವು ಗಂಟೆ ಮುಂಚೆ ಜಪಾನು, ಅಮೆರಿಕ, ರಷ್ಯಾದಲ್ಲಿ ನೆಲದಡಿ ಇದ್ದ ಉಪಕರಣಗಳಿಗೆ ನ್ಯೂಟ್ರಿನೊ ಅನ್ನೋ ಸೂಕ್ಷ್ಮ ಕಣಗಳು ಒಟ್ಟು ಇಪ್ಪತ್ತು ಚಿಲ್ಲರೆ ಬಂದು ಬಡಿದಿದ್ವು, ನಕ್ಷತ್ರದ ಹೊಟ್ಟೆ ಕುಸಿದಾಗ ಹೇಗೆ ಬರಬೇಕೋ ಹಾಗೇ. ಬೆಳಕು ದಾರಿ ಮಧ್ಯೆ ಸೃಷ್ಟಿ ಆಗಿದ್ರೆ ಆ ನಕ್ಷತ್ರ ಸ್ಫೋಟ ಆಗೇ ಇಲ್ಲ, ಬಹುಶಃ ಇರಲೇ ಇಲ್ಲ, ದೇವರು ಒಂದು ಆಗದೇ ಇರೋ ಸಾವಿನ ಸಿನಿಮಾನ ನ್ಯೂಟ್ರಿನೊ ಸಮೇತ ಎಡಿಟ್ ಮಾಡಿ ಕಳಿಸಿದ ಅಂತ ಆಯ್ತು. ಇಲ್ಲಿ ಸಿಕ್ಕಿಹಾಕ್ಕೊಂಡಿದ್ದು ವಿಜ್ಞಾನ ಅಲ್ಲ, ಅವರ ದೇವರ ಪ್ರಾಮಾಣಿಕತೆ. ಎಷ್ಟೋ ಜನ ಆಸ್ತಿಕರೇ ಈ ಕಾರಣಕ್ಕೆ ಆ ವಾದವನ್ನ ದೂರ ಇಡ್ತಾರೆ.

ಗೊತ್ತಿಲ್ಲದ ಕಡೆ ದೇವರನ್ನ ಕೂರಿಸೋದೂ ಹಳೇ ಚಟ, ನ್ಯೂಟನ್ನಿಗೂ ಇತ್ತು. ಗ್ರಹಗಳು ಒಂದನ್ನೊಂದು ಎಳೆದಾಡಿ ಕಕ್ಷೆ ಕೆಡತ್ತೆ, ಆಗಾಗ ದೇವರು ಬಂದು ಸರಿ ಮಾಡಬೇಕು ಅಂದ್ಕೊಂಡಿದ್ದ, ಆಗಾಗ ಕೀ ಕೊಡಬೇಕಾದ ಗಡಿಯಾರ ಮಾಡಿದೋನು ಅದೆಂಥಾ ಕುಶಲಕರ್ಮಿ ಅಂತ ಜರ್ಮನಿಯ ತತ್ವಜ್ಞಾನಿ ಲೈಬ್ನಿಟ್ಸ್ ಆಡಿಕೊಂಡ. ಸುಮಾರು ಎಪ್ಪತ್ತು ವರ್ಷ ಆದ್ಮೇಲೆ ಫ್ರಾನ್ಸಿನ ಗಣಿತಜ್ಞ ಲಾಪ್ಲಾಸ್ ಬಂದು ಗುರು ಮತ್ತು ಶನಿಯ ಏರುಪೇರು ಸುಮಾರು 900 ವರ್ಷದ ಒಂದು ಸುತ್ತು, ತಾನೇ ಸರಿ ಹೋಗತ್ತೆ ಅಂತ ತೋರಿಸಿದ. ದೇವರ ಆ ಕೆಲಸ ಹೋಯ್ತು. ಅಂದ ಹಾಗೆ ಈಗಿನ ಕಂಪ್ಯೂಟರ್ ಲೆಕ್ಕದಲ್ಲಿ ಮುಂದಿನ 500 ಕೋಟಿ ವರ್ಷದೊಳಗೆ ಬುಧನ ಕಕ್ಷೆ ಕೆಡೋ ಸಾಧ್ಯತೆ ಸುಮಾರು ನೂರಕ್ಕೆ ಒಂದು ಇದೆ, ಅದನ್ನ ಸರಿ ಮಾಡೋಕೆ ಯಾರು ಬರ್ತಾರೋ ನೋಡೋಣ.

ಇವರೆಲ್ಲರ ಮಧ್ಯೆ ನನಗೆ ಬಹಳ ಇಷ್ಟ ಆಗೋದು ಇಬ್ಬರು. ಒಬ್ಬ ಜಾರ್ಜ್ ಲೆಮೇತ್ರ್, ಬೆಲ್ಜಿಯಂನ ಕ್ಯಾಥೊಲಿಕ್ ಪಾದ್ರಿ, 1927ರಲ್ಲಿ ವಿಶ್ವ ಹಿಗ್ತಾ ಇದೆ ಅಂತ ಬರೆದೋನು, 1931ರಲ್ಲಿ ಎಲ್ಲಾ ಒಂದೇ ಕಣದಿಂದ ಶುರುವಾಯ್ತು ಅಂದೋನು. ಇನ್ನೊಬ್ಬ ಇಂಗ್ಲೆಂಡಿನ ಖಗೋಳ ವಿಜ್ಞಾನಿ ಫ್ರೆಡ್ ಹಾಯ್ಲ್, ನಾಸ್ತಿಕ, ವಿಶ್ವಕ್ಕೆ ಆರಂಭ ಅನ್ನೋ ಮಾತೇ ಅವನಿಗೆ ಆಗ್ತಿರಲಿಲ್ಲ, 1949ರಲ್ಲಿ ರೇಡಿಯೋದಲ್ಲಿ "ಬಿಗ್ ಬ್ಯಾಂಗ್" ಅನ್ನೋ ಹೆಸರಿಟ್ಟಿದ್ದೇ ಅವನು. 1951ರ ನವೆಂಬರಲ್ಲಿ ಪೋಪ್ ಹನ್ನೆರಡನೇ ಪಯಸ್ ಈ ಹೊಸ ಖಗೋಳಶಾಸ್ತ್ರ ಸೃಷ್ಟಿಗೆ ಸಾಕ್ಷಿ ಹೇಳ್ತಿದೆ ಅನ್ನೋ ಅರ್ಥದಲ್ಲಿ ಭಾಷಣ ಮಾಡಿದ್ರು. ಬೇರೆ ಯಾರಾದ್ರೂ ಆಗಿದ್ರೆ ಕುಣಿದುಬಿಡ್ತಿದ್ರು, ಪೋಪೇ ನಿಮ್ಮ ಥಿಯರಿಗೆ ಸೀಲ್ ಹೊಡೆದ್ರೆ ಇನ್ನೇನು ಬೇಕು. ಲೆಮೇತ್ರ್‌ಗೆ ಇರಿಸುಮುರುಸಾಯ್ತು. ತನ್ನದು ಭೌತಶಾಸ್ತ್ರ, ಅದು ನಾಳೆ ತಪ್ಪಾಗಬಹುದು, ಅದನ್ನ ದೇವರಿಗೆ ಕಟ್ಟಿ ಹಾಕಬೇಡಿ ಅನ್ನೋದು ಅವನ ನಿಲುವು. ಆ ಅಸಮಾಧಾನ ಮೇಲಿನವರೆಗೂ ಮುಟ್ಟಿತು, 1952ರಲ್ಲಿ ರೋಮಿನಲ್ಲಿ ಸೇರಿದ್ದ ಖಗೋಳ ವಿಜ್ಞಾನಿಗಳ ಮುಂದೆ ಅದೇ ಪೋಪ್ ಮಾತಾಡಿದಾಗ ಆ ವಾದ ಎತ್ತಲೇ ಇಲ್ಲ.

ಹಾಯ್ಲ್ ಕಥೆ ಇನ್ನೂ ವಿಚಿತ್ರ. ನಕ್ಷತ್ರದೊಳಗೆ ಕಾರ್ಬನ್ ತಯಾರಾಗಬೇಕಾದ್ರೆ ಅದರ ನ್ಯೂಕ್ಲಿಯಸ್ಸಲ್ಲಿ ಒಂದು ನಿರ್ದಿಷ್ಟ ಶಕ್ತಿಮಟ್ಟ ಇರಲೇಬೇಕು ಅಂತ 1953ರಲ್ಲಿ ಲೆಕ್ಕ ಹಾಕಿ ಹೇಳಿದ, ಹುಡುಕಿದ್ರು, ಹೇಳಿದ ಜಾಗದಲ್ಲೇ ಇತ್ತು. ಅದು ಅವನ ತಲೆ ಕೊರೆದು ಕೊರೆದು ಕೊನೆಗೆ ಯಾವುದೋ ಮಹಾಬುದ್ಧಿ ಭೌತಶಾಸ್ತ್ರದಲ್ಲಿ ಕೈಯಾಡಿಸಿದ ಹಾಗಿದೆ ಅಂತ ಅವನೇ ಬರೆದ. ಈಗ ವಿಶ್ವದ ನಿಯಮಗಳು ಜೀವಕ್ಕೆ ಅಂತಲೇ ಟ್ಯೂನ್ ಆಗಿವೆ ಅಂತ ವಾದ ಮಾಡೋರು ಮೊದಲು ಎತ್ಕೊಳೋ ಹೆಸರಲ್ಲಿ ಅವನದ್ದೂ ಒಂದು, ಇದಕ್ಕೆ ಉತ್ತರವಾಗಿ ನಾಸ್ತಿಕರ ಕಡೆಯವರು ಲೆಕ್ಕವಿಲ್ಲದಷ್ಟು ಬೇರೆ ವಿಶ್ವಗಳಿವೆ ಅಂತಾರೆ, ಅದನ್ನೂ ಯಾರೂ ಕಂಡಿಲ್ಲ, ಅದರ ಕಥೆ ಇನ್ನೊಂದು ದಿನ ಹೇಳ್ತೀನಿ.

1965ರಲ್ಲಿ ಅಮೆರಿಕದ ವಿಜ್ಞಾನಿಗಳಾದ ಪೆನ್ಜಿಯಾಸ್ ಮತ್ತು ವಿಲ್ಸನ್ ಅವರ ಆಂಟೆನಾಗೆ ಆಕಾಶದ ಎಲ್ಲಾ ದಿಕ್ಕಿಂದ ಒಂದೇ ಥರದ ಮಂದ ಮೈಕ್ರೋವೇವ್ ಗುಂಯ್‌ಗುಟ್ಟೋ ಸದ್ದು ಸಿಕ್ಕಿದ ಸುದ್ದಿ ಹೊರಬಂತು, ಬಿಗ್ ಬ್ಯಾಂಗಿನ ಉಳಿದ ಬಿಸಿ ಅದು. ಬಹುತೇಕರ ಮಟ್ಟಿಗೆ ವಾದ ಅಲ್ಲಿಗೆ ಮುಗೀತು. ಹಾಯ್ಲ್ ಮಾತ್ರ ನಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅಂತ 2001ರಲ್ಲಿ ಸಾಯೋವರೆಗೂ ಬಿಗ್ ಬ್ಯಾಂಗನ್ನ ಒಪ್ಪಲಿಲ್ಲ, ಮಹಾಬುದ್ಧಿ ಇರಬಹುದು ಅಂತ ಬರೆದೋನು ಆರಂಭವನ್ನ ಮಾತ್ರ ಬೇಡ ಅಂದ. ಲೆಮೇತ್ರ್‌ಗೆ ಈ ಸುದ್ದಿ ತಲುಪಿದ್ದು 1966ರ ಜೂನಲ್ಲಿ, ಸಾಯೋಕೆ ಕೆಲವು ದಿನ ಮುಂಚೆ, ಹಾಸಿಗೆ ಮೇಲೆ. ಸಂತೋಷಪಟ್ಟ. ನೋಡಿ ನಮ್ಮ ದೇವರು ಗೆದ್ದ ಅಂತ ಅಲ್ಲ, ಲೆಕ್ಕ ಸರಿ ಬಂತು ಅಂತ.